ದುಡಿಯುವವನ ಕಿಸೆಯಲ್ಲಿ ಎಂಥ ಚಾಕು ಇರಬೇಕು?

ಕಳೆದ ಗಣೇಶೋತ್ಸವದ ಸಮಯದ ಮಾತು. ಮುಂಬಯಿಯ ಉಪನಗರವೊಂದರ ಹೋಟೇಲಿನಲ್ಲಿ ಉಗ್ರಾಣ ನೋಡಿಕೊಳ್ಳುವ ನಮ್ಮ ಕಡೆಯ ಹುಡುಗನೊಬ್ಬನು ರಾತ್ರಿ ಕೆಲಸ ಮುಗಿಸಿ ಖೋಲಿಗೆ ಮರಳುತ್ತಿದ್ದಾಗ, ರೈಲು ನಿಲ್ದಾಣದ ಹೊರಗೆ ಪೊಲೀಸರು ಅವನನ್ನು ತಡೆದು ತಪಾಸಣೆ ಮಾಡಿದರು. ಕಿಸೆಯಲ್ಲಿ ದೊರೆತದ್ದು ಗುಂಡಿಯನ್ನೊತ್ತಿದೊಡನೆ ತಟಕ್ಕನೆ ತೆರೆದುಕೊಳ್ಳುವ, ಐದಂಗುಲದ ಅಲಗಿನ ಒಂದು ಚಾಕು. "ಸಕ್ಕರೆ ಮೂಟೆಯ ಹೊಲಿಗೆ ಬಿಚ್ಚಲಿಕ್ಕೆ ಇಟ್ಟುಕೊಂಡದ್ದು ಸಾಹೇಬರೇ" ಎಂದು ಅವನು ನುಡಿದದ್ದು ಅಕ್ಷರಶಃ ಸತ್ಯವಾಗಿತ್ತು. ಆದರೆ ಆ ಚಾಕುವಿನ ರೂಪವು ಅವನ ಮಾತಿಗೆ ಸಾಕ್ಷಿ ನುಡಿಯುವಂತಿರಲಿಲ್ಲ. ಸುದ್ದಿ ತಿಳಿದು ಅವನ ಧಣಿಗಳೊಡನೆ ನಾವೂ ಠಾಣೆಗೆ ಹೋದೆವು. ಬೆಳಗಿನ ಜಾವಕ್ಕೆ ಎಚ್ಚರಿಕೆಯ ಮಾತು ಹೇಳಿ ಅವನನ್ನು ಬಿಟ್ಟರು. ಚಾಕು ಮಾತ್ರ ಅಲ್ಲಿಯೇ ಉಳಿಯಿತು.

ಪೊಲೀಸರನ್ನು ದೂರುವುದು ನಮ್ಮ ಉದ್ದೇಶವಲ್ಲ. ಹಬ್ಬದ ಜನಸಂದಣಿಯಲ್ಲಿ ಅಂಥ ಚಾಕುವನ್ನು ಕಂಡೂ ಕಾಣದಂತಿರುವ ಪೊಲೀಸನು ತನ್ನ ಕರ್ತವ್ಯಕ್ಕೆ ಚ್ಯುತಿ ತಂದಂತೆಯೇ ಸರಿ. ಆ ಹುಡುಗನನ್ನೂ ನಾವು ದೂರಲಾರೆವು. ರಸ್ತೆಬದಿಯಲ್ಲಿ ಅಗ್ಗಕ್ಕೆ ಸಿಕ್ಕಿತು, ನೋಡಲಿಕ್ಕೆ ಚಂದವಿತ್ತು, ಕೊಂಡನು. ಯಾವುದನ್ನು ಕೊಳ್ಳಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಿಸೆಯ ಚಾಕುವಿನಂಥ ಕ್ಷುಲ್ಲಕ ವಸ್ತುವಿನ ಬಗ್ಗೆ ಪತ್ರಿಕೆಯಲ್ಲಿ ಬರೆಯುವುದುಂಟೇ ಎಂದು ಹುಬ್ಬೇರಿಸುವ ವಾಚಕರು ಆ ಹುಡುಗನು ಠಾಣೆಯ ಬೆಂಚಿನ ಮೇಲೆ ಕಳೆದ ರಾತ್ರಿಯನ್ನು ನೆನೆಯಬೇಕೆಂದು ವಿನಂತಿಸುತ್ತೇವೆ. ಪರಊರಿನಲ್ಲಿ ದುಡಿಯುವವನಿಗೆ ಅವನ ಮರ್ಯಾದೆಯೇ ಬಂಡವಾಳ.

"ಹಾಗಾದರೆ ಚಾಕುವೇ ಬೇಡ, ಹೋಟೇಲಿನ ಹುಡುಗರಿಗೆ ಅದನ್ನು ನಿಷೇಧಿಸಿಬಿಡಿ" ಎನ್ನುವ ಧಣಿಗಳಿದ್ದಾರೆ. ನಮ್ಮ ಅನುಭವ ಬೇರೆ. ನಾವು ಕಪ್ಪು-ಬಸಿ ತೊಳೆಯುವುದರಿಂದ ತೊಡಗಿ ಗಲ್ಲಾದ ತನಕ ಎಲ್ಲ ಮೆಟ್ಟಿಲುಗಳನ್ನೂ ಹತ್ತಿದವರು. ಅಕ್ಕಿ, ಉದ್ದು, ಸಕ್ಕರೆಯ ಮೂಟೆಗಳ ಹೊಲಿಗೆ, ರಟ್ಟಿನ ಪೆಟ್ಟಿಗೆ, ಸುತಲಿ, ಬಾಳೆಲೆಯ ಕಟ್ಟು, ಹಾಲಿನ ಚೀಲ - ಬೆಳಗಿನ ಐದು ಗಂಟೆಯಿಂದ ರಾತ್ರಿಯ ತನಕ ಬಿಚ್ಚುವ, ಕೊಯ್ಯುವ ಕೆಲಸಕ್ಕೆ ಕೊನೆಯಿಲ್ಲ. ಚಾಕುವನ್ನು ನಿಷೇಧಿಸಿದಲ್ಲಿ ಹುಡುಗನು ಕ್ಷೌರದ ಬ್ಲೇಡನ್ನು ಎರಡಾಗಿ ಮುರಿದು ಕಿಸೆಯಲ್ಲಿಟ್ಟುಕೊಳ್ಳುತ್ತಾನೆ. ಇಲ್ಲವೇ ಹಲ್ಲಿನಿಂದ ಕಚ್ಚಿ ಹರಿಯುತ್ತಾನೆ. ಅರ್ಧ ಬ್ಲೇಡಿಗೆ ಹಿಡಿಯಿಲ್ಲ. ಅದು ಮೊದಲು ಕೊಯ್ಯುವುದು ಹಿಡಿದವನ ಬೆರಳನ್ನು. ಅದರ ಚೂರೊಂದು ಹಿಟ್ಟಿನ ಪಾತ್ರೆಗೆ ಬಿದ್ದರೆ ಆಗುವ ಅನರ್ಥವನ್ನು ನಾವು ವಿವರಿಸಬೇಕಾಗಿಲ್ಲ. ಅಲಗನ್ನು ತುಂಡು ತುಂಡಾಗಿ ಮುರಿದು ಮುಂದಕ್ಕೆ ತಳ್ಳುವ ಪ್ಲಾಸ್ಟಿಕ್ಕಿನ ಕಟ್ಟರುಗಳಿಗೂ ಇದೇ ದೋಷವುಂಟು. ಮುರಿಯಲೆಂದೇ ಮಾಡಿದ ಅಲಗಿಗೆ ಅಡುಗೆಮನೆಯಲ್ಲಿ ಸ್ಥಾನವಿಲ್ಲ.

ನಿಷೇಧದಿಂದ ಏನಾಗುತ್ತದೆಂಬುದಕ್ಕೆ ಜಪಾನಿನದೊಂದು ನಿದರ್ಶನವಿದೆ. ಅಲ್ಲಿ ಹಿಗೊನೊಕಾಮಿ ಎಂಬ ಸರಳವಾದ ಮಡಚುವ ಚಾಕುವುಂಟು. ಮಡಚಿದ ಲೋಹದ ತಗಡೇ ಅದರ ಹಿಡಿ. ಶಾಲೆಯ ಮಕ್ಕಳು ಪೆನ್ಸಿಲು ಕೆತ್ತಲಿಕ್ಕೆ ಬಳಸುತ್ತಿದ್ದುದು ಅದನ್ನೇ. 1960ರಲ್ಲಿ ಆ ದೇಶದ ಸಮಾಜವಾದಿ ನಾಯಕ ಅಸನುಮಾ ಇನೆಜಿರೋ ಅವರನ್ನು ಸಭೆಯ ವೇದಿಕೆಯ ಮೇಲೆಯೇ ಹದಿನೇಳು ವರ್ಷದ ತರುಣನೊಬ್ಬನು ಗಿಡ್ಡ ಖಡ್ಗದಿಂದ ತಿವಿದು ಕೊಂದನು. ಅದರ ತರುವಾಯ ಮಕ್ಕಳ ಕೈಗೆ ಚಾಕು ಕೊಡಬಾರದೆಂಬ ಚಳವಳಿ ದೇಶದಲ್ಲೆಲ್ಲ ಎದ್ದು, ಪೆನ್ಸಿಲಿನ ಚಾಕು ಶಾಲೆಗಳಿಂದ ಮರೆಯಾಯಿತು. ಕೊಂದದ್ದು ಖಡ್ಗ, ಶಿಕ್ಷೆಯಾದದ್ದು ಪೆನ್ಸಿಲಿನ ಚಾಕುವಿಗೆ! ಉಪಕರಣ ಯಾವುದು, ಆಯುಧ ಯಾವುದು ಎಂಬ ವಿವೇಚನೆ ತಪ್ಪಿದಲ್ಲಿ ದಂಡ ತೆರುವವನು ನಿರಪರಾಧಿ.

ಆ ವಿವೇಚನೆಯ ಮೊದಲ ಸೂತ್ರ ಇದು: ಚಾಕು ಹೇಗೆ ತೆರೆದುಕೊಳ್ಳುತ್ತದೆಂಬುದನ್ನು ನೋಡಿರಿ. ಗುಂಡಿಯಿಂದ ಚಿಮ್ಮುವ ಚಾಕು ದುಡಿಯುವವನಿಗೆ ಬೇಡ. ಉತ್ತರ ಪ್ರದೇಶದ ರಾಮಪುರದ ಚಾಕು ಎಷ್ಟು ಪ್ರಸಿದ್ಧವೆಂಬುದು ಹಳೆಯ ಹಿಂದೀ ಚಿತ್ರಗಳನ್ನು ನೋಡಿದವರಿಗೆಲ್ಲ ವಿದಿತವೇ ಇದೆ. 2023ರಲ್ಲಿ ಆ ಊರಿನ ವೃತ್ತವೊಂದರಲ್ಲಿ ಸುಮಾರು 20 ಅಡಿ ಉದ್ದದ ಚಾಕುವಿನ ಪ್ರತಿಕೃತಿಯನ್ನೇ ನಿಲ್ಲಿಸಿದ್ದಾರೆ. ಅಲ್ಲಿಯ ಕುಶಲಕರ್ಮಿಗಳ ಕೈಚಳಕಕ್ಕೆ ನಮ್ಮ ಗೌರವವಿದೆ. ಆದರೆ ಬೆಳ್ಳಿತೆರೆಯ ಖಳನಾಯಕನ ಕೈಯಲ್ಲಿ ಹೆಸರು ಮಾಡಿದ ವಸ್ತುವನ್ನು ಕಿಸೆಯಲ್ಲಿಟ್ಟುಕೊಂಡು "ಇದು ಸಕ್ಕರೆ ಮೂಟೆಗೆ" ಎಂದರೆ ನಂಬುವವರಾರು? ಉಗುರಿನಿಂದ ಅಲಗನ್ನು ಹಿಡಿದು, ಎರಡೂ ಕೈಗಳಿಂದ ನಿಧಾನವಾಗಿ ತೆರೆಯಬೇಕಾದ ಚಾಕುವೇ ಕೆಲಸಗಾರನಿಗೆ ಒಪ್ಪುವಂಥದು. ನಿಧಾನವಾಗಿ ತೆರೆಯುವ ಚಾಕು ಜಗಳಕ್ಕೆ ನಿಷ್ಪ್ರಯೋಜಕ. ಅದೇ ಅದರ ದೊಡ್ಡ ಗುಣ.

ಕಾನೂನಿನ ಮಾತನ್ನೂ ತಿಳಿದಿರಬೇಕು. 1959ರ ಶಸ್ತ್ರಾಸ್ತ್ರ ಕಾಯಿದೆಯಡಿಯ 2016ರ ನಿಯಮಗಳು ಒಂಬತ್ತು ಅಂಗುಲಕ್ಕಿಂತ ಉದ್ದದ ಅಥವಾ ಎರಡು ಅಂಗುಲಕ್ಕಿಂತ ಅಗಲದ ಅಲಗುಳ್ಳ ಚಾಕುಗಳನ್ನು ಆಯುಧಗಳ ಸಾಲಿಗೆ ಸೇರಿಸುತ್ತವೆ. ಗೃಹಕೃತ್ಯ, ಕೃಷಿ, ವಿಜ್ಞಾನ, ಕೈಗಾರಿಕೆಗಳಿಗಾಗಿ ಮಾಡಿದವುಗಳಿಗೆ ವಿನಾಯಿತಿಯಿದೆ. ಇದನ್ನೋದಿ "ನಮ್ಮದು ಐದೇ ಅಂಗುಲ" ಎಂದು ನಿಶ್ಚಿಂತರಾಗುವಂತಿಲ್ಲ. ದಿಲ್ಲಿಯಲ್ಲಿ ಗುಂಡಿಯಿಂದಲೋ ಸ್ಪ್ರಿಂಗಿನಿಂದಲೋ ತೆರೆಯುವ ಚಾಕುವಿನ ಅಲಗು 7.62 ಸೆಂಟಿಮೀಟರು ಉದ್ದ, 1.72 ಸೆಂಟಿಮೀಟರು ಅಗಲ ಮುಟ್ಟಿದರೆ ಅದು ನಿರ್ಬಂಧಕ್ಕೊಳಪಡುತ್ತದೆ. ಮಹಾರಾಷ್ಟ್ರದಲ್ಲಿಯೋ, 1951ರ ಪೊಲೀಸ್ ಕಾಯಿದೆಯ 37ನೆಯ ಕಲಮಿನನ್ವಯ ಹಬ್ಬ, ಚುನಾವಣೆ, ಗಲಭೆಗಳ ಸಂದರ್ಭದಲ್ಲಿ ಚಾಕು, ದೊಣ್ಣೆ ಮುಂತಾದವುಗಳನ್ನು ಹಿಡಿದು ತಿರುಗಾಡುವುದನ್ನೇ ಅಧಿಕಾರಿಗಳು ನಿಷೇಧಿಸಬಹುದು. ಆದುದರಿಂದ ನಮ್ಮ ಸಲಹೆ ಇಷ್ಟು: ಅಲಗು ಮೂರಂಗುಲದೊಳಗಿರಲಿ; ಕೆಲಸ ಮುಗಿದೊಡನೆ ಚಾಕು ಉಗ್ರಾಣದ ಮೊಳೆಗೋ ಮೇಜಿನ ಖಾನೆಗೋ ಸೇರಲಿ; ರಾತ್ರಿಯ ರೈಲಿನಲ್ಲಿ ಅದಕ್ಕೇನು ಕೆಲಸ? ವಿಮಾನದಲ್ಲಿ ಊರಿಗೆ ಹೋಗುವವರು ಅದನ್ನು ಕೈಚೀಲದಲ್ಲಿಡಕೂಡದು, ಲಗೇಜಿನೊಡನೆ ಕಳುಹಿಸತಕ್ಕದ್ದು.

ಎರಡನೆಯದು ಉಕ್ಕಿನ ವಿಚಾರ. ಹಳೆಯ ಕಾಲದ ಕಪ್ಪು ಉಕ್ಕಿನ ಅಲಗು ಬೇಗ ಹರಿತವಾಗುತ್ತದೆ. ಸಾಣೆಕಲ್ಲಿನ ಮೇಲೆ ಹತ್ತು ಸಲ ಎಳೆದರೆ ಸಾಕು. ಆದರೆ ಅದಕ್ಕೆ ಲಿಂಬೆ, ಹುಣಿಸೆ, ಟೊಮೇಟೊ ತಾಗಿ ಹಾಗೆಯೇ ಬಿಟ್ಟರೆ ಕಲೆ ಹಿಡಿಯುತ್ತದೆ. ಮುಂಬಯಿ, ಚೆನ್ನೈಗಳ ಸಮುದ್ರದ ಗಾಳಿಗೆ ತುಕ್ಕು ತಪ್ಪಿದ್ದಲ್ಲ. ಕ್ರೋಮಿಯಂ ಬೆರೆತ ಸ್ಟೇನ್‌ಲೆಸ್ ಉಕ್ಕು ಇವನ್ನೆಲ್ಲ ತಾಳಿಕೊಳ್ಳುತ್ತದೆ. ಹೋಟೇಲಿನವರಿಗೆ ಸ್ಟೇನ್‌ಲೆಸ್ಸೇ ಲೇಸು. ಒಣಗಿದ ಕಚೇರಿಯಲ್ಲಿ ಕುಳಿತ, ಚಾಕುವನ್ನು ಒರೆಸಿ ಎಣ್ಣೆ ಸವರುವ ವ್ಯವಧಾನವಿರುವ ಗುಮಾಸ್ತರು ಬೇಕಾದರೆ ಕಪ್ಪು ಉಕ್ಕನ್ನು ಆರಿಸಿಕೊಳ್ಳಲಿ.

ಗುಮಾಸ್ತರಿಗೂ ಚಾಕುವಿಗೂ ಇರುವ ನಂಟು ಹಳೆಯದು. ಹಕ್ಕಿಯ ಗರಿಯನ್ನು ಲೇಖನಿಯಾಗಿ ಕೆತ್ತುತ್ತಿದ್ದ ಕಾರಣದಿಂದಲೇ ಇಂಗ್ಲಿಷರು ಚಿಕ್ಕ ಚಾಕುವನ್ನು ಪೆನ್-ನೈಫ್ ಎಂದು ಕರೆದರು. ನಮ್ಮ ದಕ್ಷಿಣ ಭಾರತದಲ್ಲಿಯೂ ಓಲೆಗರಿಯ ಮೇಲೆ ಬರೆಯುವ ಕಂಠ ಮತ್ತು ಗರಿಯನ್ನು ಸವರುವ ಚಾಕು ಇವೆರಡನ್ನೂ ಒಂದೇ ಹಿಡಿಯೊಳಗೆ ಮಡಚಿಟ್ಟ ಉಪಕರಣಗಳಿದ್ದವು. ಅಂದರೆ ಮಡಚುವ ಚಾಕು ಬರೆಯುವವನ ಸಂಗಾತಿಯಾಗಿಯೂ ಬಾಳಿದೆ. ಲಕೋಟೆ ತೆರೆಯಲಿಕ್ಕೆ, ಕಡತದ ದಾರ ಕತ್ತರಿಸಲಿಕ್ಕೆ, ಮಧ್ಯಾಹ್ನದ ಡಬ್ಬಿಯ ಜೊತೆಗೆ ತಂದ ಪೇರಳೆ ಹಣ್ಣನ್ನು ಹೋಳು ಮಾಡಲಿಕ್ಕೆ ಎರಡಂಗುಲದ ಅಲಗು ಧಾರಾಳವಾಯಿತು.

ಮೂರನೆಯದು ಅಲಗಿನ ಭದ್ರತೆ. ಇದನ್ನು ಹೇಳುವಾಗ ನಮ್ಮ ಬಲಗೈಯ ತೋರುಬೆರಳನ್ನು ನೋಡಿಕೊಳ್ಳುತ್ತೇವೆ. ಹದಿನೈದರ ಪ್ರಾಯದಲ್ಲಿ, ಹಗಲು ಹೋಟೇಲು, ರಾತ್ರಿ ಶಾಲೆ ಎಂದಿದ್ದಾಗ, ಎಣ್ಣೆಯ ಡಬ್ಬಿಯ ಬಾಯಿಯನ್ನು ಮಡಚುವ ಚಾಕುವಿನ ಮೊನೆಯಿಂದ ತಿವಿದು ತೆರೆಯಲು ಹೋದೆವು. ಅಲಗು ಹಿಂದಕ್ಕೆ ಮಡಚಿ ಬೆರಳಿನ ಮೇಲೆ ಕುಳಿತಿತು. ನಾಲ್ಕು ಹೊಲಿಗೆ, ಹದಿನೆಂಟು ದಿನಗಳ ಸಂಬಳ ಖೋತಾ, ಶಾಲೆಯಲ್ಲಿ ಒಂದು ಪರೀಕ್ಷೆಯೂ ತಪ್ಪಿತು. ಇಂದಿಗೂ ಮಳೆಗಾಲದಲ್ಲಿ ಆ ಬೆರಳು ಮರಗಟ್ಟುತ್ತದೆ. ತಪ್ಪು ಚಾಕುವಿನದಾಗಿರಲಿಲ್ಲ. ಹಿಂಬದಿಯ ಸ್ಪ್ರಿಂಗಿನ ಒತ್ತಡದಿಂದಷ್ಟೇ ನಿಲ್ಲುವ ಅಲಗು ಎಳೆದು ಕೊಯ್ಯುವುದಕ್ಕಾಗಿ ಇರುವುದು. ಅದರಿಂದ ತಿವಿಯಲೂ ಬಾರದು, ಮೀಟಲೂ ಬಾರದು. ಡಬ್ಬಿಗೆ ಡಬ್ಬಿ ತೆರೆಯುವ ಸಾಧನವೇ ಬೇಕು.

ಈ ಎರಡು ತೊಡಕುಗಳನ್ನು ಹಳೆಯ ಕರ್ಮಿಗಳು ಹೇಗೆ ಬಗೆಹರಿಸಿದರೆಂಬುದು ಸ್ವಾರಸ್ಯಕರವಾದ ವಿಷಯ. ಸ್ವಿಟ್ಜರ್ಲೆಂಡಿನ ಈಬಾಖ್ ಎಂಬಲ್ಲಿ 1884ರಲ್ಲಿ ಕಾರ್ಖಾನೆ ತೆರೆದ ಕಾರ್ಲ್ ಎಲ್ಸೆನರ್ 1891ರಲ್ಲಿ ಆ ದೇಶದ ಸೈನಿಕರಿಗೆ ಒದಗಿಸತೊಡಗಿದ ಚಾಕುವಿನಲ್ಲಿ ಅಲಗಿನ ಜೊತೆಗೆ ಡಬ್ಬಿ ತೆರೆಯುವ ಸಾಧನ, ದಬ್ಬಣ, ತಿರುಪುಳಿ ಇವೂ ಇದ್ದವು. ಸೈನಿಕನಿಗೆ ಕೊಟ್ಟ ಚಾಕುವೂ ಊಟದ ಡಬ್ಬಿ ತೆರೆಯಲಿಕ್ಕೆ, ಬಂದೂಕಿನ ತಿರುಪು ಬಿಚ್ಚಲಿಕ್ಕೆ ಇದ್ದದ್ದೆಂಬುದನ್ನು ಗಮನಿಸಬೇಕು. ಫ್ರಾನ್ಸಿನ ಆಲ್ಪ್ಸ್ ಪರ್ವತದ ಸೀಮೆಯಲ್ಲಿ, ಕೃಷಿಯ ಹತ್ಯಾರುಗಳನ್ನು ಮಾಡುವವನ ಮಗನಾದ ಜೋಸೆಫ್ ಒಪಿನೆಲ್ 1890ರಲ್ಲಿ ರೈತರಿಗಾಗಿ ಮರದ ಹಿಡಿಯ ಚಾಕುವೊಂದನ್ನು ಮಾಡಿದನು. 1955ರಲ್ಲಿ ಆ ಚಾಕುವಿನ ಕುತ್ತಿಗೆಗೆ ತಿರುಗುವ ಲೋಹದ ಬಳೆಯನ್ನು ತೊಡಿಸಿದರು. ಬಳೆಯನ್ನು ತಿರುಗಿಸಿದರೆ ತೆರೆದ ಅಲಗು ಮಡಚಲಾರದು. ಇದು ಬೆರಳಿಗೆ ಉತ್ತಮ ರಕ್ಷಣೆಯೇ. ಆದರೆ ಅದರ ಮರದ ಹಿಡಿ ನೀರು ಕುಡಿದು ಉಬ್ಬಿದರೆ ಮಳೆಗಾಲದಲ್ಲಿ ಅಲಗು ಹೊರಬರಲು ಹಟ ಮಾಡುತ್ತದೆ. ಒದ್ದೆ ಕೈಯ ಕೆಲಸದವನು ಮರದ ಹಿಡಿಯನ್ನು ಯೋಚಿಸಿ ಕೊಳ್ಳಲಿ.

ಪರದೇಶದ ಹೆಸರುಗಳನ್ನು ಹೇಳಿದೆವೆಂದು ಅವನ್ನೇ ಕೊಳ್ಳಬೇಕೆಂದಲ್ಲ. ಮುಂಬಯಿಯ ನಾಗದೇವಿ ಬೀದಿಯಂಥ ಹತ್ಯಾರುಗಳ ಪೇಟೆಯಲ್ಲಿ ನಿಂತು ಕಣ್ಣಿನಿಂದ, ಬೆರಳಿನಿಂದ ಪರೀಕ್ಷಿಸಿ ನೋಡಿದರೆ ಸಾಧಾರಣ ಬೆಲೆಯ ಒಳ್ಳೆಯ ಚಾಕು ದೊರೆಯದಿರದು. ಅಲಗನ್ನು ತೆರೆದು ಅತ್ತಿತ್ತ ಅಲುಗಿಸಿರಿ. ಬುಡದಲ್ಲಿ ಸಡಿಲವಿದ್ದರೆ ಬೇಡ. ಬೆಳಕಿಗೆ ಹಿಡಿದು ಅಲಗಿನ ಬುಡಕ್ಕೂ ಸ್ಪ್ರಿಂಗಿಗೂ ನಡುವೆ ಸಂದು ಕಾಣುವುದೋ ನೋಡಿರಿ. ಮಡಚಿದಾಗ ಮೊನೆಯು ಹಿಡಿಯೊಳಗೆ ಪೂರ್ತಿ ಅಡಗಬೇಕು. ಇಲ್ಲವಾದರೆ ಕಿಸೆಯನ್ನೂ ತೊಡೆಯನ್ನೂ ಕೊರೆದೀತು. ತೆರೆಯುವಾಗ ಉಗುರು ಕಿತ್ತುಬರುವಷ್ಟು ಬಿಗಿಯೂ ಬೇಡ, ತಾನಾಗಿ ಜಾರುವಷ್ಟು ಸಡಿಲವೂ ಬೇಡ. ಕೊಂಡ ಮೇಲೆ ಹರಿತವಾಗಿಟ್ಟುಕೊಳ್ಳಿರಿ. ಮೊಂಡು ಚಾಕು ನಿರಪಾಯವೆಂಬುದು ತಪ್ಪು ತಿಳಿವಳಿಕೆ. ಮೊಂಡಾದಷ್ಟೂ ಕೈ ಬಲ ಹಾಕುತ್ತದೆ, ಬಲ ಹಾಕಿದ ಕೈಯೇ ಜಾರುತ್ತದೆ.

ಅಡುಗೆಮನೆಯ ಬಂಧುಗಳಿಗೆ ಒಂದು ಮಾತನ್ನು ಒತ್ತಿ ಹೇಳಬಯಸುತ್ತೇವೆ. ಮಡಚುವ ಚಾಕುವಿನಿಂದ ಗಿರಾಕಿಗಳ ತರಕಾರಿ, ಹಣ್ಣು ಹೆಚ್ಚಬೇಡಿರಿ. ಅದರ ಸಂದಿನೊಳಗೆ ಸೇರಿದ ಕೊಳೆ ಮೇಲಿನಿಂದ ತೊಳೆದರೆ ಹೋಗುವುದಿಲ್ಲ. ಮೂಟೆಯ ಧೂಳೂ ಸುತಲಿಯ ನಾರೂ ಅಲ್ಲಿಯೇ ಇರುತ್ತವೆ. ಹೆಚ್ಚುವ ಕೆಲಸಕ್ಕೆ ನೆಟ್ಟಗಿನ ಚಾಕು ಅಥವಾ ನಮ್ಮ ಈಳಿಗೆಮಣೆ ಇರಲಿ. ಮಡಚುವ ಚಾಕು ಉಗ್ರಾಣದ ಬಾಗಿಲಿನಿಂದ ಒಳಗೆ ಬರಬಾರದು.

ಕಡೆಯದಾಗಿ ಧಣಿಗಳಲ್ಲಿ ನಮ್ಮ ಪ್ರಾರ್ಥನೆ. ಹುಡುಗನಿಗೆ ಕೆಲಸ ಕೊಟ್ಟವರು ಕೆಲಸದ ಹತ್ಯಾರನ್ನೂ ಕೊಡುವುದು ನ್ಯಾಯ. ಸೌಟು, ಝಾರಿ, ಕಾವಲಿಗಳನ್ನು ಅವನು ಊರಿನಿಂದ ತರುವುದಿಲ್ಲವಷ್ಟೆ? ಹಾಗಿರುವಾಗ ಚಾಕುವನ್ನೊಂದು ಮಾತ್ರ ರಸ್ತೆಬದಿಯಿಂದ ಅವನೇ ತಂದುಕೊಳ್ಳಲಿ ಎಂದೇಕೆ ಬಿಡಬೇಕು? ಹೋಟೇಲಿನ ಹೆಸರನ್ನು ಹಿಡಿಯ ಮೇಲೆ ಕೆತ್ತಿಸಿ, ಒಂದೊಂದು ಉಗ್ರಾಣಕ್ಕೆ ಒಂದೊಂದು ಚಾಕು ಕೊಟ್ಟರೆ ಅದರ ಖರ್ಚು ಒಂದು ದಿನದ ಕಾಫಿಪುಡಿಯ ಖರ್ಚಿಗೂ ಮಿಗಲಾರದು.

ಆ ಹುಡುಗನು ಈಗಲೂ ಅದೇ ಹೋಟೇಲಿನಲ್ಲಿದ್ದಾನೆ. ಕಳೆದ ಆಯುಧಪೂಜೆಯ ದಿನ ನಾವು ಅಲ್ಲಿಗೆ ಹೋಗಿದ್ದೆವು. ರುಬ್ಬುವ ಯಂತ್ರ, ತಕ್ಕಡಿ, ಈಳಿಗೆಮಣೆಗಳ ಸಾಲಿನಲ್ಲಿ ಮೂರಂಗುಲಕ್ಕೂ ಕಡಿಮೆ ಅಲಗಿನ, ಕಪ್ಪು ಹಿಡಿಯ ಒಂದು ಚಾಕುವೂ ಕುಂಕುಮವಿಟ್ಟುಕೊಂಡು ಕುಳಿತಿತ್ತು. ಅವನ ಧಣಿಗಳು ಕೊಡಿಸಿದ್ದಂತೆ. ಪೂಜೆ ಮುಗಿದೊಡನೆ ಅವನು ಅದನ್ನು ಒರೆಸಿ, ಮಡಚಿ, ಮೊಳೆಗೆ ತೂಗುಹಾಕಿ, ಮೂಟೆ ಇಳಿಸಲು ಹೊರಟನು.