ಮಾಮಾ, ನಾವು ತಿಂಡಿ ಯಾವಾಗ ತಿನ್ನೋದು?

ಇದನ್ನು ಬರೆಯಬೇಕೋ ಬೇಡವೋ ಅಂತ ತುಂಬಾ ದಿನ ಯೋಚನೆ ಮಾಡಿದೆ. ಬರೆದರೆ ಅಕ್ಕ ಬೈತಾಳೆ, ಬರೆಯದಿದ್ದರೆ ನನಗೆ ಸಮಾಧಾನ ಇಲ್ಲ. ಬೈದರೆ ಬೈಯಲಿ ಅಂತ ಕೂತಿದ್ದೀನಿ.

2024ರ ಡಿಸೆಂಬರ್ ಕೊನೆಯಲ್ಲಿ ಅಮ್ಮ, ಅಕ್ಕ, ಭಾವ, ಅವರ ಆರು ವರ್ಷದ ಮಗಳು ಪುಟ್ಟಿ ಮತ್ತು ನಾನು ಕಾರಿನಲ್ಲಿ ಬಾದಾಮಿಗೆ ಹೊರಟೆವು. ಬೆಳಗ್ಗೆ ಐದಕ್ಕೆ ಬೆಂಗಳೂರು ಬಿಟ್ಟವರು ಶಿರಾ, ಹಿರಿಯೂರು, ಚಿತ್ರದುರ್ಗ ದಾಟಿ ಒಂಬತ್ತೂವರೆ ಹೊತ್ತಿಗೆ ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಹೋಟೆಲೊಂದರ ಮುಂದೆ ನಿಂತೆವು. ಹಂಚಿನ ಮೇಲೆ ಬೆಣ್ಣೆ ಬಿದ್ದು ಚುರ್ ಅನ್ನೋ ಸದ್ದು ರಸ್ತೆಗೇ ಕೇಳಿಸುತ್ತಿತ್ತು. ಒಳಗೆ ಹೋಗಿ ಕೂತಿದ್ದೇ ತಡ, ಭಾವ ಜೇಬಿನಿಂದ ಮೊಬೈಲ್ ತೆಗೆದು, ನೀರಿನ ಲೋಟಕ್ಕೆ ಒರಗಿಸಿ ಪುಟ್ಟಿಯ ಮುಂದೆ ಇಟ್ಟರು. ಯಾವುದೋ ಕಾರ್ಟೂನ್ ಶುರುವಾಯಿತು. ದೋಸೆ ಬಂತು. ಮೇಲೆ ಬೆಣ್ಣೆ ಕರಗಿ ಹರೀತಾ ಇದೆ, ಪಕ್ಕದಲ್ಲಿ ಆಲೂಗಡ್ಡೆ ಪಲ್ಯ, ತೆಳು ಕಾಯಿ ಚಟ್ನಿ. ಅಕ್ಕ ಒಂದೊಂದೇ ತುತ್ತು ಮುರಿದು ಪುಟ್ಟಿಯ ಬಾಯಿಗೆ ಇಟ್ಟಳು. ಅವಳು ಬಾಯಿ ತೆರೆದಳು, ಮುಚ್ಚಿದಳು, ನುಂಗಿದಳು. ಕಣ್ಣು ಮಾತ್ರ ಒಂದು ಸಲವೂ ತಟ್ಟೆ ಕಡೆ ಬರಲಿಲ್ಲ. ಒಂದು ದೋಸೆ ಪೂರ್ತಿ ಖಾಲಿ. "ನೋಡಿದ್ಯಾ, ಗಲಾಟೆ ಇಲ್ದೆ ತಿಂದ್ಲು" ಅಂದರು ಭಾವ, ಏನೋ ಗೆದ್ದವರ ಹಾಗೆ.

ಹರಿಹರದ ಹತ್ತಿರ ತುಂಗಭದ್ರೆಯ ಸೇತುವೆ ಮೇಲೆ ಕಾರು ಹೋಗ್ತಾ ಇತ್ತು. ಮೊಬೈಲಿನ ನೆಟ್‌ವರ್ಕ್ ಕಟ್ಟಾಯಿತು. ಪುಟ್ಟಿ ತಲೆ ಎತ್ತಿ ಕೇಳಿದಳು: "ಮಾಮಾ, ನಾವು ತಿಂಡಿ ಯಾವಾಗ ತಿನ್ನೋದು?"

ಕಾರಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಸ್ವಲ್ಪ ದೂರ ಹೋದ ಮೇಲೆ ನಗು ನಿಂತುಹೋಯಿತು. ಆ ಮಗು ತಮಾಷೆ ಮಾಡಿರಲಿಲ್ಲ ಸ್ವಾಮೀ. ಅದಕ್ಕೆ ನಿಜವಾಗಲೂ ತಾನು ತಿಂದದ್ದು ಗೊತ್ತಿರಲಿಲ್ಲ.

ಈ ಲೇಖನ ಭಾವನ ಮೇಲಿನ ದೂರು ಅಂದುಕೊಳ್ಳಬೇಡಿ. ಪುಟ್ಟಿಯ ಕೈಗೆ ಮೊದಲ ಸಲ ಮೊಬೈಲ್ ಕೊಟ್ಟವನು ನಾನೇ. ಆಗ ಅವಳಿಗೆ ಒಂದೂವರೆ ವರ್ಷ. ಒಂದು ಮದುವೆ ಊಟದ ಸಾಲಿನಲ್ಲಿ ಅಳುತ್ತಿದ್ದಳು, ನಾನು ದೊಡ್ಡ ಬುದ್ಧಿವಂತನ ಹಾಗೆ ವಿಡಿಯೋ ಹಾಕಿ ಕೊಟ್ಟೆ. ಥಟ್ಟನೆ ಸುಮ್ಮನಾದಳು. "ಇಂಜಿನಿಯರ್ ಮಾಮ ಅಂದ್ರೆ ಹೀಗಿರ್ಬೇಕು" ಅಂತ ಯಾರೋ ಹೊಗಳಿದರು ಕೂಡ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿತ್ತು: ಎರಡು ವರ್ಷದ ಒಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆ ಆದಷ್ಟೂ ಒಳ್ಳೆಯದು ಅಂತ. ನಮ್ಮ ದೇಶದ ಮಕ್ಕಳ ವೈದ್ಯರ ಸಂಘವೂ 2021ರಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿತು. ನಾನು ಎರಡನ್ನೂ ಓದಿದ್ದೆ. ಓದಿ, ಫಾರ್ವರ್ಡ್ ಮಾಡಿ, ಮರೆತಿದ್ದೆ.

ಈಗ ಚೀಲದ ವಿಷಯಕ್ಕೆ ಬರ್ತೀನಿ. ಸಿಟ್ಟು ಬಂದಿದ್ದು ಅಲ್ಲೇ.

ಪ್ರವಾಸಕ್ಕೆ ಒಂದು ವಾರ ಮುಂಚೆ ಅಮ್ಮ ಪುಟ್ಟಿಗಾಗಿ ಒಂದು ಚೀಲ ಹೊಲಿದಿದ್ದರು. ನಾನು ಇಂಜಿನಿಯರಿಂಗ್ ಓದುವಾಗ ನಾಲ್ಕು ವರ್ಷ ಹಾಕಿ ಹಾಕಿ ಮೊಣಕಾಲಲ್ಲಿ ಹರಿದಿದ್ದ ಜೀನ್ಸ್ ಪ್ಯಾಂಟಿನ ಮೇಲಿನ ಭಾಗ ಕತ್ತರಿಸಿ ಚೀಲದ ಮೈ. ಒಳಗೆ ಅಮ್ಮನ ಹಳೇ ಕಾಟನ್ ಸೀರೆಯ ಅಸ್ತರು. ಸೊಂಟದ ಪಟ್ಟಿಯೇ ಹೆಗಲ ಪಟ್ಟಿ. ಹಿಂದಿನ ಜೇಬನ್ನು ಬಿಚ್ಚಿ ಮುಂದೆ ಹೊಲಿದು ಲೋಟ ಇಡೋಕೆ ಜಾಗ. ಬಾಯಿಗೆ ಜಿಪ್ ಇಲ್ಲ, ಲಂಗಕ್ಕೆ ಹಾಕೋ ಥರದ ಲಾಡಿ. "ಜಿಪ್ ಕೆಟ್ರೆ ಚೀಲಾನೇ ಬಿಸಾಕ್ತೀರ, ಲಾಡಿ ಕೆಟ್ರೆ ಇನ್ನೊಂದು ಪೋಣಿಸಿದ್ರಾಯ್ತು" ಅಂತ ಅಮ್ಮನ ವಾದ. ಜೀನ್ಸ್ ದಪ್ಪಕ್ಕೆ ಮೆಷಿನ್‌ನ ಎರಡು ಸೂಜಿ ಮುರಿದವು. ರಾತ್ರಿ ಸೂಜಿಗೆ ದಾರ ಪೋಣಿಸಿ ಕೊಡೋದು ನನ್ನ ಕೆಲಸ, ಅಮ್ಮನಿಗೆ ಈಗ ಕಣ್ಣು ಸರಿಯಾಗಿ ಕಾಣಲ್ಲ.

ಆ ಚೀಲದ ನಿಜವಾದ ಮಜಾ ಇರೋದು ಬೆನ್ನಿನ ಕಡೆ. ಅಲ್ಲಿ ಅಮ್ಮ ಬಿಳಿ ದಾರದಲ್ಲಿ ಐದು ಐದು ಇಪ್ಪತ್ತೈದು ಮನೆ ಹೊಲಿದು ಚೌಕಾಬಾರದ ಮಣೆ ಮಾಡಿದ್ದರು! ಚೀಲ ಇಳಿಸಿ ಮೇಜಿನ ಮೇಲೆ ಮಲಗಿಸಿದರೆ ಆಟ ಶುರು. ಕಾಯಿಗೆ ಹಳೇ ಶರಟಿನ ಗುಂಡಿಗಳು, ಕವಡೆ ಬದಲು ಒಂದು ಕಡೆ ಉಜ್ಜಿ ಬೆಳ್ಳಗೆ ಮಾಡಿದ ನಾಲ್ಕು ಹುಣಸೆ ಬೀಜ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪು ಬಿದ್ದರೆ ಬಾರ, ಅಂದ್ರೆ ಎಂಟು. ಬ್ಯಾಟರಿ ಬೇಡ, ಚಾರ್ಜರ್ ಬೇಡ.

ಜೊತೆಗೆ ಆರು ಬಣ್ಣದ ಪೆನ್ಸಿಲ್, ನನ್ನ ಹಳೇ ಪ್ರಾಜೆಕ್ಟ್ ರಿಪೋರ್ಟಿನ ಖಾಲಿ ಬೆನ್ನುಗಳನ್ನು ಸೇರಿಸಿ ಹೊಲಿದ ಒಂದು ಪುಸ್ತಕ, ಪುಟ್ಟ ಸ್ಟೀಲ್ ಲೋಟ, ಒಂದು ಜೊತೆ ಬಟ್ಟೆ, ಕೈ ಒರೆಸೋ ಬಟ್ಟೆ. ಪುಟ್ಟಿ ತನ್ನ ಕಡೆಯಿಂದ ಒಂದು ಕೆಟ್ಟುಹೋದ ಟಿವಿ ರಿಮೋಟ್ ಸೇರಿಸಿದಳು. ಯಾಕೆ ಅಂತ ಯಾರೂ ಕೇಳಲಿಲ್ಲ, ಅವಳ ಚೀಲ ಅವಳಿಷ್ಟ. 2020ರ ಶಾಲಾ ಬ್ಯಾಗ್ ನೀತಿಯ ಪ್ರಕಾರ ಬ್ಯಾಗಿನ ತೂಕ ಮಗುವಿನ ತೂಕದ ಶೇಕಡಾ 10 ಮೀರಬಾರದು. ಪುಟ್ಟಿ 18 ಕೆ.ಜಿ. ಅಡುಗೆಮನೆ ತಕ್ಕಡಿಯಲ್ಲಿ ತೂಗಿದೆವು, ರಿಮೋಟ್ ಸೇರಿ ಒಂದೂಕಾಲು ಕೆ.ಜಿ. ಪಾಸ್!

ಈ ಚೀಲ ದಾವಣಗೆರೆಯಲ್ಲಿ ಎಲ್ಲಿತ್ತು ಹೇಳಿ ನೋಡೋಣ? ಡಿಕ್ಕಿಯಲ್ಲಿ, ಎರಡು ಸೂಟ್‌ಕೇಸಿನ ಅಡಿಯಲ್ಲಿ. ಅದರ ಮೇಲೆ ಗುಲಾಬಿ ಬಣ್ಣದ, ಕಾರ್ಟೂನ್ ಚಿತ್ರದ, ಚಕ್ರ ಇರೋ ಇನ್ನೊಂದು ಬ್ಯಾಗು. ಅಂಗಡಿಯಿಂದ ತಂದದ್ದು. ಮಗುವಿಗೆ ಅಂತ ಹೆಸರು, ಎಳೆದುಕೊಂಡು ಓಡಾಡೋದು ಅಪ್ಪ. ಅದರ ಜಿಪ್ಪನ್ನು ಪುಟ್ಟಿ ಒಬ್ಬಳೇ ತೆಗೆದದ್ದು ನಾನಂತೂ ಕಂಡಿಲ್ಲ.

ನನ್ನ ತಕರಾರು ಇಷ್ಟೇ. ಪ್ರವಾಸಕ್ಕೆ ಮಗುವನ್ನು ಕರೆದುಕೊಂಡು ಹೋಗ್ತೀವಿ ಅಂತೀವಿ, ಆದರೆ ನಿಜಕ್ಕೂ ಸಾಗಿಸ್ತೀವಿ, ಸೂಟ್‌ಕೇಸ್ ಸಾಗಿಸಿದ ಹಾಗೆ. ಅದರ ಸಾಮಾನು ನಾವು ಹೊರ್ತೀವಿ, ಅದರ ಊಟ ನಾವು ಆರಿಸ್ತೀವಿ, ಅದರ ಕಣ್ಣಿಗೆ ಪರದೆ ಕಟ್ತೀವಿ. ಆಮೇಲೆ ಮೇಣಬಸದಿಯ ಮುಂದೆ ನಿಲ್ಲಿಸಿ ಫೋಟೋ ಹೊಡೆದು "ಪುಟ್ಟಿ ಎಂಜಾಯಿಂಗ್" ಅಂತ ಸ್ಟೇಟಸ್ ಹಾಕ್ತೀವಿ.

ಇನ್ನು ಹೋಟೆಲಿನಲ್ಲಿ ಆರಿಸೋದಾದರೂ ಏನನ್ನ? ಬಾದಾಮಿಯಲ್ಲಿ ನಾವು ಇಳಿದುಕೊಂಡಿದ್ದ ಕಡೆ ಮೆನು ಕಾರ್ಡಿನಲ್ಲಿ ವೆಜ್ ನೂಡಲ್ಸ್, ಗೋಬಿ ಮಂಚೂರಿ, ಪನೀರ್ ಬಟರ್ ಮಸಾಲ. 450 ಕಿಲೋಮೀಟರ್ ಬಂದು ನಮ್ಮ ಮನೆ ಹಿಂದಿನ ಬೀದಿಯಲ್ಲಿ ಸಿಗೋದನ್ನೇ ತಿನ್ನೋದು! ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ 2024ರ ಮಾರ್ಚ್‌ನಲ್ಲಿ ಸರ್ಕಾರವೇ ಆದೇಶ ಮಾಡಬೇಕಾಯಿತು, ಆದರೂ "ಮಕ್ಕಳಿಗೆ ಅದೇ ಸೇಫು" ಅಂತೀವಿ. ಅದೇ ಊರಲ್ಲಿ ಜೋಳದ ರೊಟ್ಟಿಯ ಖಾನಾವಳಿ ಇದೆ. ಐದು ಕಿಲೋಮೀಟರ್ ಆಚೆ ಬನಶಂಕರಿಯಲ್ಲಿ ಹೆಂಗಸರು ಬುಟ್ಟಿಯಲ್ಲಿ ರೊಟ್ಟಿ, ಚಟ್ನಿ, ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು ತಂದು ಬಡಿಸ್ತಾರೆ. ಆದರೆ ನಮಗೆ ಹೋಟೆಲ್ ಬಾಗಿಲಲ್ಲಿ ನಿಂತು ಮೂಗಿಗೆ ಬರೋ ವಾಸನೆ ಸಾಲದು, ಮೊಬೈಲ್ ತೆಗೆದು ಎಷ್ಟು ಸ್ಟಾರ್ ಅಂತ ನೋಡಬೇಕು. ನಾನೇ ಮೊದಲು. ಮಗುವಿನದ್ದೂ ನಮ್ಮದೂ ಒಂದೇ ರೋಗ, ವಯಸ್ಸು ಮಾತ್ರ ಬೇರೆ.

ಮಾರನೇ ದಿನ ಗುಹೆಗಳನ್ನು ನೋಡಿದೆವು (ಭಾವನ ಚಿಪ್ಸ್ ಪ್ಯಾಕೆಟ್ಟನ್ನು ಕೋತಿ ಕಿತ್ತುಕೊಂಡು ಹೋಯಿತು, ನನಗೆ ಒಳಗೊಳಗೇ ಖುಷಿ). ರಾತ್ರಿ ನಾನು ಹಟ ಮಾಡಿ ಎಲ್ಲರನ್ನೂ ಖಾನಾವಳಿಗೆ ಕರೆದುಕೊಂಡು ಹೋದೆ. ಮೊಬೈಲುಗಳನ್ನೆಲ್ಲ ಕಾರಿನಲ್ಲೇ ಬಿಡಿಸಿದೆ. ಪುಟ್ಟಿ ಹೆಗಲ ಮೇಲೆ ಜೀನ್ಸ್ ಚೀಲ.

ಮಗು ಕೂಡಲೇ ಚಿನ್ನದ ಗೊಂಬೆ ಆಯ್ತು ಅಂತ ಬರೆದರೆ ಸುಳ್ಳಾಗತ್ತೆ. ಹತ್ತು ನಿಮಿಷ ಮೊಬೈಲ್ ಬೇಕು ಅಂತ ಅತ್ತಳು, ಕಾಲಲ್ಲಿ ಮೇಜು ಒದ್ದಳು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಅಕ್ಕನ ಮುಖ ಕೆಂಪಾಯಿತು. ಅಮ್ಮ ಏನೂ ಮಾತಾಡದೆ ಚೀಲ ಮಲಗಿಸಿ, ಗುಂಡಿ ಜೋಡಿಸಿ, ತಾವೇ ಹುಣಸೆ ಬೀಜ ಹಾಕಿದರು. ಬಾರ ಬಿತ್ತು. "ಅಜ್ಜಿ ಮೋಸ!" ಅಂದಳು ಪುಟ್ಟಿ. ಆಟ ಶುರು.

ಸ್ವಲ್ಪ ಹೊತ್ತಿಗೆ ಒಳಗಿಂದ ತಟ ತಟ ಅಂತ ಸದ್ದು. "ಅದೇನು?" ಅಂತ ಪುಟ್ಟಿ ಎದ್ದೇ ಬಿಟ್ಟಳು. ಅಡುಗೆಮನೆ ಬಾಗಿಲಲ್ಲಿ ನಿಂತು ರೊಟ್ಟಿ ಬಡಿಯೋದನ್ನ ಬಾಯಿ ಬಿಟ್ಟು ನೋಡಿದಳು. "ಬಾ ತಂಗಿ, ನೀನೂ ಒಂದ್ ರೊಟ್ಟಿ ಬಡೀತಿಯೇನ?" ಅಂದರು ಆ ತಾಯಿ. ಹಿಟ್ಟಿನ ಉಂಡೆ ಕೊಟ್ಟರು, ಇವಳು ಬಡಿದದ್ದು ನಮ್ಮ ರಾಜ್ಯದ ನಕ್ಷೆ ಥರ ಆಯಿತು, ಅದನ್ನೇ ಬೇಯಿಸಿ ಕೊಟ್ಟರು! ಎಣ್ಣೆಗಾಯಿ ಮುಟ್ಟಲಿಲ್ಲ. ಕೆಂಪು ಚಟ್ನಿ ನಾಲಿಗೆಗೆ ತಾಗಿಸಿಕೊಂಡು ಕುಣಿದಾಡಿದಳು. "ಖಾರ ಆತೇನವ್ವಾ? ಮೊಸರ ಹಚ್ಕೊಂಡ್ ತಿನ್ನು" ಅಂದರು. ಅರ್ಧ ರೊಟ್ಟಿ, ಮೊಸರು, ಒಂದು ಶೇಂಗಾ ಹೋಳಿಗೆ. ದಾವಣಗೆರೆಯಲ್ಲಿ ತಿಂದದ್ದಕ್ಕಿಂತ ಕಡಿಮೆ. ಆದರೆ ತಿಂದದ್ದು ಅವಳು.

"ಮಕ್ಕಳಿಗೆ ಖಾರ ಆಗಲ್ಲ, ಹೊಟ್ಟೆ ಕೆಡತ್ತೆ" ಅನ್ನೋರಿಗೆ ಇಷ್ಟೇ ಹೇಳ್ತೀನಿ. ಬಿಸಿ ಇರೋದನ್ನ ತಿನ್ನಿಸಿ, ನೀರು ಮನೆಯಿಂದ ಒಯ್ಯಿರಿ. ಖಾಲಿ ದೋಸೆ, ನೀರುದೋಸೆ, ತಟ್ಟೆ ಇಡ್ಲಿ, ಮೊಸರು, ಬಾಳೆಹಣ್ಣು, ಯಾವ ಊರಲ್ಲಾದರೂ ಖಾರ ಇಲ್ಲದ್ದು ಏನಾದರೂ ಸಿಗತ್ತೆ. ಬಲವಂತ ಬೇಡ, ತಟ್ಟೆ ಕಾಣಿಸಲಿ ಸಾಕು. "ಬೇರೆಯವರಿಗೆ ತೊಂದರೆ" ಅನ್ನೋ ಮಾತಂತೂ ನಗು ಬರಿಸತ್ತೆ. ನಮ್ಮ ಹೋಟೆಲುಗಳು ಯಾವತ್ತು ನಿಶ್ಶಬ್ದವಾಗಿದ್ದವು? ಲೋಟ ತೊಳೆಯೋ ಸದ್ದು, ಒಂದೇ ಉಸಿರಿನಲ್ಲಿ ತಿಂಡಿ ಪಟ್ಟಿ ಹೇಳೋ ಸಪ್ಲೈಯರ್... ಅದನ್ನ ಕೇಳಿಸಿಕೊಳ್ಳೋದೇ ಮಗುವಿಗೆ ಒಂದು ಆಟ.

ಆದರೆ ಒಂದು ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ರೂಮಿಗೆ ಬಂದ ಮೇಲೆ ಅಕ್ಕ ಸ್ಫೋಟಿಸಿದಳು.

"ತಿಂಗಳಿಗೊಂದ್ಸಲ ಬಂದು ಭಾಷಣ ಬಿಗೀತೀಯ. ಅವಳು ಹುಟ್ಟಿದ ಮೇಲೆ ನಾನು ಬಿಸಿ ಬಿಸಿ ಊಟ ಮಾಡಿದ್ದು ಯಾವಾಗ ಗೊತ್ತಾ? ಆ ಮೊಬೈಲ್ ಇದ್ದಾಗ ಮಾತ್ರ. ನಿನಗೆ ಮಕ್ಕಳಾಗ್ಲಿ, ಆಗ ಮಾತಾಡು."

ರಾತ್ರಿ ಇಡೀ ಇದೇ ತಲೆಯಲ್ಲಿ. ಯೋಚಿಸಿದಷ್ಟೂ ಅಕ್ಕನದು ಸರಿ ಅನ್ನಿಸಿತು, ನನ್ನದೂ ತಪ್ಪಲ್ಲ ಅನ್ನಿಸಿತು. ದಾವಣಗೆರೆಯಲ್ಲಿ ಅಕ್ಕ ತುತ್ತು ಮುರಿದು ಇಡುತ್ತಿದ್ದಾಗ ಭಾವ ಎರಡನೇ ದೋಸೆಗೆ ಹೇಳಿದ್ದರು. ನಾನು ಮೂರನೆಯದಕ್ಕೆ. ಮೊಬೈಲ್ ಅಲ್ಲಿ ಮಗುವನ್ನು ಸುಮ್ಮನಿರಿಸುತ್ತಿರಲಿಲ್ಲ ಕಣ್ರೀ, ಇಬ್ಬರು ಗಂಡಸರು ಮಾಡಬೇಕಾಗಿದ್ದ ಕೆಲಸ ಮಾಡುತ್ತಿತ್ತು. ಚೀಲ ಹೊಲಿದದ್ದು ಅಮ್ಮ, ಊಟ ಮಾಡಿಸಿದ್ದು ಅಕ್ಕ, ಚೌಕಾಬಾರ ಆಡಿದ್ದು ಅಮ್ಮ. ನಾನು ಮಾಡಿದ್ದು ದಾರ ಪೋಣಿಸಿದ್ದು ಮತ್ತು ಸಿಟ್ಟು ಮಾಡಿಕೊಂಡಿದ್ದು. ಆದ್ದರಿಂದ ಇದನ್ನ ಓದಿ ಯಾರಾದರೂ ಹೆಂಡತಿಗೋ ಅಮ್ಮನಿಗೋ "ನೋಡು, ಮಗೂಗೆ ಚೀಲ ಹೊಲಿ, ಮೊಬೈಲ್ ಕೊಡಬೇಡ" ಅಂತ ಅಪ್ಪಣೆ ಕೊಟ್ಟರೆ ನಾನು ಅವರ ಪಕ್ಷ ಅಲ್ಲ. ಸ್ವತಃ ಮೆಷಿನ್ ಮುಂದೆ ಕೂತುಕೊಳ್ಳಿ. ಆಫೀಸಿನಲ್ಲಿ ಒಂದು ಬಗ್ ಹಿಂದೆ ಎಂಟು ಗಂಟೆ ಕೂರ್ತೀವಿ, ಒಂದು ಚೀಲಕ್ಕೆ ಎರಡು ಭಾನುವಾರ ಆಗಲ್ವಾ?

ನಾನು ಕೂತೆ. ಎರಡನೇ ಚೀಲ ನಂದೇ, ಅಕ್ಕಪಕ್ಕದ ಪಟ್ಟಿ ಒಂದು ಇಂಚು ಮೇಲೆ ಕೆಳಗೆ. ಪುಟ್ಟಿ ಹಾಕಿಕೊಂಡರೆ ಎಡಕ್ಕೆ ವಾಲತ್ತೆ. "ಮಾಮನ ಚೀಲಕ್ಕೆ ಕುಂಟು" ಅಂತಾಳೆ, ಆದರೂ ಸ್ಕೂಲಿನ ಪಿಕ್ನಿಕ್ಕಿಗೆ ಅದನ್ನೇ ಒಯ್ದಳು. ಬಾದಾಮಿಯಲ್ಲಿ ಒಂದು ಹುಣಸೆ ಬೀಜ ಕಳೆದಿತ್ತು, ಅಮ್ಮ ಹೊಸದನ್ನ ಕಲ್ಲಿಗೆ ಉಜ್ಜಿ ಕೊಟ್ಟಿದ್ದಾರೆ.

ಮುಂದಿನ ಸಲ ಮಂಗಳೂರು, ಉಡುಪಿ ಕಡೆ ಅಂತ ಮಾತಾಗಿದೆ. ಬನ್ಸ್, ಗೋಳಿಬಜೆ, ಪತ್ರೊಡೆ, ಗಡ್‌ಬಡ್ ಐಸ್‌ಕ್ರೀಮ್ ಅಂತ ಪುಟ್ಟಿ ಪ್ರಾಜೆಕ್ಟ್ ರಿಪೋರ್ಟಿನ ಬೆನ್ನಿನಲ್ಲಿ ಪಟ್ಟಿ ಬರೀತಿದ್ದಾಳೆ. ಅಕ್ಕ ಬರೋಕೆ ಒಪ್ಪಿದ್ದಾಳೆ, ಒಂದು ಷರತ್ತಿನ ಮೇಲೆ. ಹೋಟೆಲಿನಲ್ಲಿ ಪುಟ್ಟಿಯ ಆಚೆ ಈಚೆ ಭಾವ ಮತ್ತು ನಾನು ಕೂರಬೇಕು, ಅವಳು ಮತ್ತು ಅಮ್ಮ ಬೇರೆ ಮೇಜು. ಅವರ ದೋಸೆ ಬಿಸಿಯಾಗೇ ಬರಬೇಕು, ನಮ್ಮದು ಆರಿದರೆ ಅದು ನಮ್ಮ ಹಣೆಬರಹ ಅಂತೆ.