ಬೀಸೋ ಮುಂಚೆ ಸುತ್ತ ನೋಡು

1/6
ಫೋಟೋದಲ್ಲಿರೋದು ನಮ್ಮ ಮುತ್ಯಾನ ಕವಣೆ. ಪುಂಡಿ ನಾರಿನ ಎರಡು ಹಗ್ಗ, ನಡುವೆ ಕಲ್ಲು ಕೂರೋಕೆ ಹೆಣೆದ ಜಾಗ, ಅಷ್ಟೇ. ರಬ್ಬರ್ ಎಳೆದು ಬಿಡೋ ಕ್ಯಾಟರ್‌ಬಿಲ್ ಅಲ್ಲ ಇದು. ಕಾಮೆಂಟಲ್ಲಿ ಮತ್ತೆ ಅದನ್ನೇ ಕೇಳ್ಬೇಡಿ.

ಎತ್ನಿಕ್ ಡೇಗೆ ಕಾಲೇಜ್ ಗ್ರೌಂಡಲ್ಲಿ ಕವಣೆ ರೀಲ್ ಮಾಡೋಣ ಅಂತ ಕ್ಲಾಸ್ ಗ್ರೂಪಲ್ಲಿ ಪ್ಲಾನ್ ಆಗಿದೆ. ಹದಿನೈದು ಜನ ಸುತ್ತ ನಿಲ್ಲೋದು, ನಡುವೆ ಒಬ್ಬ ಗಿರಗಿರ ಬೀಸೋದು, ಹಿಂದೆ ಡೊಳ್ಳು. ನಾನು ಬೇಡ ಅಂದೆ. 'ಪುಕ್ಕಲ' ಅಂದ್ರಿ. ಸರಿ, ಪುಕ್ಕಲ ಯಾಕಾದ ಅಂತ ಓದಿ.

2/6
ಹೋದ ಎಳ್ಳಮವಾಸಿ. ಚರಗ ಚೆಲ್ಲೋಕೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿದ್ವಿ, ಜೊತೆಗೆ ನನ್ನ ಗ್ಯಾಂಗೂ ಬಂದಿತ್ತು. ಊಟ ಆದ್ಮೇಲೆ ಅಟ್ಟದ ಮೇಲಿದ್ದ ಕವಣೆ ಕೆಳಗಿಳೀತು. ಗೆಳೆಯ ಬೀಸ್ತಿದ್ದ, ನಾನು ಫೋನ್ ಹಿಡಿದಿದ್ದೆ. ಎರಡು ಟೇಕ್ ಚೆನ್ನಾಗಿ ಬಂತು. 'ಇನ್ನೊಂದ್ಸಲ, ಇನ್ನೂ ಜೋರಾಗಿ' ಅಂದಿದ್ದು ನಾನೇ.

ಮೂರನೇ ಕಲ್ಲು ಮುಂದೆ ಹೋಗ್ಲಿಲ್ಲ, ಬಲಕ್ಕೆ ಹೋಯ್ತು. ಅಲ್ಲಿ ಬುತ್ತಿ ಗಂಟಿನ ಹತ್ತಿರ ಕೂತಿದ್ದ ಕಾಕಾನ ಮಗಳ ಹುಬ್ಬಿನ ಮೇಲೆ ಬಡೀತು. ಎಂಟು ವರ್ಷದ ಹುಡುಗಿ. ಐದು ಹೊಲಿಗೆ. ಒಂದು ಬೆರಳು ಕೆಳಗೆ ಬಿದ್ದಿದ್ರೆ ಕಣ್ಣೇ ಹೋಗ್ತಿತ್ತು.

ಮುತ್ಯಾ ಬೈಲಿಲ್ಲ. ಒಂದೇ ಮಾತು ಕೇಳಿದ: 'ಬೀಸೂಕಿಂತ ಮೊದ್ಲ ಯಾರರೆ ಸುತ್ತ ನೋಡೀರೇನು?' ಯಾರೂ ನೋಡಿರಲಿಲ್ಲ. ಆ ವಿಡಿಯೋ ಇನ್ನೂ ನನ್ನ ಫೋನಲ್ಲಿದೆ. ಯಾರಿಗೂ ತೋರಿಸಲ್ಲ. ಅದರಲ್ಲಿ ಕೇಳೋದು ನನ್ನ ದನಿ.

3/6
'ಅದು ಬ್ಯಾಡ್ ಲಕ್, ನಮಗೆ ಹಾಗಾಗಲ್ಲ' ಅನ್ನೋರಿಗೆ ಬಿಕಾಂ ಹುಡುಗನೂ ಮಾಡಬಹುದಾದ ಲೆಕ್ಕ.

ತಲೆಯ ಮೇಲೆ ಕಲ್ಲು 1 ಮೀಟರ್ ದೂರದಲ್ಲಿ, ಸೆಕೆಂಡಿಗೆ 3 ಸುತ್ತು ತಿರುಗ್ತಿದೆ ಅಂತಿಟ್ಕೊಳ್ಳಿ. ಒಂದು ಸುತ್ತು ಸುಮಾರು 6.28 ಮೀಟರ್. ಅಂದ್ರೆ ಸೆಕೆಂಡಿಗೆ ಸುಮಾರು 18.8 ಮೀಟರ್, ಗಂಟೆಗೆ ಸುಮಾರು 68 ಕಿ.ಮೀ. ಹೆದ್ದಾರಿಯಲ್ಲಿ ಬೈಕ್ ಹೋಗೋ ವೇಗ, ಅದೂ ಕಲ್ಲಿಗೆ.

ಈಗ ಗುರಿ. 3 ಸುತ್ತು ಅಂದ್ರೆ ಸೆಕೆಂಡಿಗೆ 1,080 ಡಿಗ್ರಿ. ಗಂಟು ಬಿಡೋದು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾದ್ರೆ ಸಾಕು, ಕಲ್ಲು 108 ಡಿಗ್ರಿ ತಿರುಗಿರುತ್ತೆ. ನೀವು ಮುಂದಿನ ಮರಕ್ಕೆ ಗುರಿಯಿಟ್ಟಿರ್ತೀರಿ, ಅದು ಪಕ್ಕದಲ್ಲಿ ನಿಂತವನನ್ನೂ ದಾಟಿ ಸ್ವಲ್ಪ ಹಿಂದಕ್ಕೇ ಹೋಗುತ್ತೆ. ಸುತ್ತ ಹದಿನೈದು ಜನ ನಿಂತ್ರೆ, ಆ ಹದಿನೈದೂ ಜನ ಗುರಿಯಲ್ಲೇ ಇದ್ದಾರೆ. ಬ್ಯಾಡ್ ಲಕ್ ಎಲ್ಲಿಂದ ಬಂತು?

4/6
ಇನ್ನು ಎಲ್ಲರ ಫೇವರಿಟ್ ಡೈಲಾಗ್: 'ನಮ್ಮ ಅಜ್ಜಂದಿರು ಹೆಲ್ಮೆಟ್ ಹಾಕ್ಕೊಂಡು ಬೀಸ್ತಿದ್ರಾ?'

ಇಲ್ಲ. ಆದ್ರೆ ಮುತ್ಯಾ ನಿಲ್ತಿದ್ದದ್ದು ಎಲ್ಲಿ? ತೆನೆಗಿಂತ ಎತ್ತರದ ಅಟ್ಟದ ಮೇಲೆ, ಒಬ್ಬನೇ. ಸುತ್ತ ಜೋಳ. ದಾರಿ ಯಾವ ಕಡೆ, ಪಕ್ಕದ ಹೊಲದಲ್ಲಿ ಯಾರು, ಎಲ್ಲಾ ಮೇಲಿಂದ ಕಾಣ್ತಿತ್ತು. ಬೀಸೋ ಮುಂಚೆ ಕೂಗು ಹಾಕ್ತಿದ್ದ. ಅಟ್ಟ, ಬಯಲು, ಕೂಗು. ಅವನ ಹೆಲ್ಮೆಟ್ ಅದೇ. ನಾವು ಆ ಮೂರನ್ನೂ ಬಿಟ್ಟು ಹಗ್ಗ ಮಾತ್ರ ತಗೊಂಡು ಬಂದು 'ಸಂಪ್ರದಾಯ' ಅಂತ ಹ್ಯಾಷ್‌ಟ್ಯಾಗ್ ಹಾಕ್ತಿದ್ದೀವಿ.

ಮತ್ತೆ, ಅವನು ಬೀಸ್ತಿದ್ದದ್ದು ಹಕ್ಕಿ ಎಬ್ಬಿಸೋಕೆ, ಸಾಯಿಸೋಕಲ್ಲ. ಕೂತ ಗಿಳಿಗೆ ಗುರಿಯಿಡೋ ಹೀರೋಗಳೇ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಗಿಳಿಯೂ ಇದೆ, ನವಿಲೂ ಇದೆ. ನಿಮ್ಮ ರೀಲೇ ನಿಮ್ಮ ವಿರುದ್ಧ ಸಾಕ್ಷಿ.

ಗುರಿ ಕಲಿಯದೆ ಕವಣೆ ಇಲ್ಲ ಅನ್ನೋದು ನಮ್ಮೂರಿನ ಮಾತು ಮಾತ್ರ ಅಲ್ಲ. ಮೆಡಿಟರೇನಿಯನ್ ಸಮುದ್ರದ ಬಾಲಿಯಾರಿಕ್ ದ್ವೀಪಗಳ ಕವಣೆಗಾರರು ರೋಮನ್ ಸೈನ್ಯದಲ್ಲೂ ಹೆಸರು ಮಾಡಿದ್ದವರು. ಅಲ್ಲಿ ಮಕ್ಕಳು ಕವಣೆಯಿಂದ ರೊಟ್ಟಿಗೆ ಹೊಡೆಯೋ ತನಕ ಆ ರೊಟ್ಟಿ ಕೊಡ್ತಿರಲಿಲ್ಲ ಅಂತ ಸ್ಟ್ರಾಬೊ ಸುಮಾರು 2,000 ವರ್ಷದ ಹಿಂದೆ ಬರೆದಿದ್ದಾನೆ. ಅವರ ಗುರಿ ಅಲುಗಾಡದ ರೊಟ್ಟಿ. ಗೆಳೆಯರ ಗುಂಪಲ್ಲ.

5/6
'ಹಾಗಾದ್ರೆ ಸುಟ್ಟು ಹಾಕು ಅದನ್ನ' ಅಂದ್ರು ಕಾಕಾ. ಅವರ ಸಿಟ್ಟು ನ್ಯಾಯವೇ. ಆದ್ರೂ ಒಪ್ಪಲ್ಲ. ಸುಟ್ಟರೆ ಹೋಗೋದು ಹಗ್ಗ ಮಾತ್ರ ಅಲ್ಲ, ಮುತ್ಯಾನ ಕೈಯಲ್ಲಿರೋ ವಿದ್ಯೆ. ಆಮೇಲೆ ನಾಲ್ಕು ತಿಂಗಳು ಅವನ ಹತ್ತಿರ ಕಲಿತೆ. ಕಲಿತದ್ದು ಇಷ್ಟು:

• ಮುಂದೆ ಮಾತ್ರ ಅಲ್ಲ, ನಾಲ್ಕೂ ದಿಕ್ಕು ಖಾಲಿ ಇರ್ಬೇಕು. ಫೋನ್ ಟ್ರೈಪಾಡ್ ಮೇಲೆ, ಜನ ದೂರ.
• ಹಗ್ಗ ಸವೆದಿದೆಯಾ, ಕುಣಿಕೆ ಬೆರಳಿಗೆ ಸರಿ ಕೂತಿದೆಯಾ ಪ್ರತಿ ಸಲ ನೋಡಿ. ಕುಣಿಕೆ ಬೆರಳಲ್ಲೇ ಉಳಿಯುತ್ತೆ, ಬಿಡೋದು ಇನ್ನೊಂದು ತುದಿಯ ಗಂಟನ್ನ.
• ಮೊದಲು ಟೆನಿಸ್ ಬಾಲ್. ಕಲ್ಲು ಆಮೇಲೆ, ಅದೂ ಒಂದೇ ಗಾತ್ರದ್ದು. ಒಂದೊಂದು ಸಲ ಒಂದೊಂದು ತೂಕ ಇದ್ರೆ ಕೈ ಯಾವತ್ತೂ ಕಲಿಯಲ್ಲ.
• ಹತ್ತು ಸುತ್ತು ತಿರುಗಿಸೋದು ಶೋ. ಒಂದೇ ಬೀಸು, ತಲೆ ಮೇಲಿಂದ ಮುಂದಕ್ಕೆ. ಹೀಗೆ ಬೀಸಿದಾಗ ತಪ್ಪು ಹೆಚ್ಚಾಗಿ ಮೇಲೆ ಕೆಳಗೆ ಆಗುತ್ತೆ, ಪಕ್ಕಕ್ಕೆ ಕಡಿಮೆ.
• ಹದಿನೈದು ಹೆಜ್ಜೆ ದೂರದಲ್ಲಿ ಹಳೇ ಗೋಣಿಚೀಲ ನೇತು ಹಾಕಿ. ಹತ್ತಕ್ಕೆ ಎಂಟು ಬಿದ್ದ ಮೇಲೆ ಐದು ಹೆಜ್ಜೆ ಹಿಂದೆ ಹೋಗಿ.
• ಬಂಡೆ, ಗೋಡೆ, ನೀರಿನ ಕಡೆ ಬೇಡ. ಕಲ್ಲು ಪುಟಿದು ಬರುತ್ತೆ.

ನನಗೆ ಈಗ ಹತ್ತಕ್ಕೆ ಆರು. ಇನ್ನೂ ಹದಿನೈದೇ ಹೆಜ್ಜೆ.

6/6
ಎತ್ನಿಕ್ ಡೇ ಕಮಿಟಿಗೆ ನನ್ನ ಮಾತು ಇದು. ಕವಣೆ ಬೇಕು. ಗ್ರೌಂಡ್ ಖಾಲಿ ಮಾಡಿಸಿ, ಗೋಣಿಚೀಲ ಕಟ್ಟಿ, ಟೆನಿಸ್ ಬಾಲ್ ಕೊಡಿ, ಒಂದು ಸಲಕ್ಕೆ ಒಬ್ಬರೇ ಬೀಸಲಿ. ಮುತ್ಯಾನ್ನ ನಾನೇ ಕರ್ಕೊಂಡು ಬರ್ತೀನಿ. ಇಷ್ಟು ಆಗಲ್ಲ ಅಂದ್ರೆ ಡೊಳ್ಳು ಮಾತ್ರ ಬಾರಿಸಿ, ಅದೂ ನಮ್ಮದೇ.

ಸುತ್ತ ನಿಲ್ಲೋಕೆ ಹೆಸರು ಕೊಟ್ಟಿರೋ ಹದಿನೈದು ಜನರಲ್ಲಿ ನೀವಿದ್ರೆ, ಇವತ್ತೇ ಹೆಸರು ತೆಗೀರಿ. ಪುಕ್ಕಲ ಅಂದ್ರೆ ಅನ್ಲಿ. ಆ ಹುಬ್ಬಿನ ಮೇಲಿನ ಗೆರೆಯನ್ನ ನಾನು ದಿನಾ ನೋಡ್ತೀನಿ.

#ಕವಣೆ #ಬೀಸೋಮುಂಚೆಸುತ್ತನೋಡು #ಮುತ್ಯಾ