ಸಂಪಾದಕರ ಮಾತು: ದೇವರನ್ನು ನಂಬದವನ ಧರ್ಮ

ಹೆಣ್ಣು ಕೊಡುವ ಮೊದಲು ವರನ ಮನೆತನವನ್ನು ವಿಚಾರಿಸುವಾಗಲೂ, ಮನೆಯ ಒಂದು ಭಾಗವನ್ನು ಬಾಡಿಗೆಗೆ ಬಿಡುವಾಗಲೂ, ಸಂಘವೊಂದಕ್ಕೆ ಖಜಾಂಚಿಯನ್ನು ಆರಿಸುವಾಗಲೂ, ನಮ್ಮ ಜನ ನೇರವಾಗಿಯೋ ಬಳಸಿಯೋ ತಿಳಿಯಬಯಸುವ ಸಂಗತಿಗಳಲ್ಲಿ, ಆತನಿಗೆ ದೇವರು ದಿಂಡರೆಂಬುದು ಉಂಟೋ ಇಲ್ಲವೋ ಎಂಬುದೂ ಒಂದು. ಉಂಟೆಂದರೆ ಕೇಳಿದವರ ಮನಸ್ಸು ಅರ್ಧ ನಿಶ್ಚಿಂತವಾಗುತ್ತದೆ. ಇಲ್ಲವೆಂದರೆ, ಆತನ ನಡತೆಯ ವಿಷಯದಲ್ಲಿ ಮತ್ತಾವ ದೂರೂ ಇರದಿದ್ದರೂ, ಶಂಕೆ ತಲೆಯೆತ್ತದೆ ಇರದು. ಮೇಲೆ ನೋಡುವವನೊಬ್ಬನಿದ್ದಾನೆ, ಮಾಡಿದ್ದಕ್ಕೆ ಫಲವನ್ನು ಉಣ್ಣಿಸುವವನೊಬ್ಬನಿದ್ದಾನೆ ಎಂಬ ಅಂಜಿಕೆ ಇಲ್ಲದವನು ಯಾವ ಅಕಾರ್ಯಕ್ಕೆ ತಾನೇ ಹೇಸಿಯಾನು ಎಂಬುದು ಆ ಶಂಕೆಯ ತರ್ಕ. ಪಾಮರರು ಮಾತ್ರವಲ್ಲದೆ ಪಂಡಿತರೂ ಇದನ್ನು ಪ್ರಶ್ನಿಸದೆ ಅಂಗೀಕರಿಸಿಕೊಂಡು ಬಂದಿರುವುದರಿಂದ, ಈ ಸಂಚಿಕೆಯಲ್ಲಿ ಇದನ್ನು ಕೊಂಚ ಸಾವಧಾನವಾಗಿ ಪರಿಶೀಲಿಸುವುದು ಅನುಚಿತವಾಗಲಾರದು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಜಗತ್ತನ್ನು ಸೃಜಿಸಿ, ಅದರ ಆಗುಹೋಗುಗಳನ್ನು ನಡೆಸುತ್ತ, ಸ್ತುತಿಗೆ ಒಲಿದು ಅವಜ್ಞೆಗೆ ಮುನಿಯತಕ್ಕ ಈಶ್ವರನೊಬ್ಬನು ಇದ್ದಾನೆಂದು ನಂಬುವುದು ನನ್ನಿಂದ ಆಗಿಲ್ಲ. ಆದರೆ ಹಾಗೆ ನಂಬಿದವರಲ್ಲಿ ಅನೇಕರು, ನಾನು ಎಷ್ಟು ಪ್ರಯತ್ನಪಟ್ಟರೂ ಮುಟ್ಟಲಾರದ ಔನ್ನತ್ಯದಲ್ಲಿ ಬಾಳಿದವರೆಂಬುದನ್ನು ಕಂಡಿದ್ದೇನೆ. ಆದುದರಿಂದ ನಂಬಿಕೆಯನ್ನು ಹೀಗಳೆಯುವುದು ಈ ಬರಹದ ಉದ್ದೇಶವಲ್ಲ. ನಂಬಿಕೆಯು ಸೌಜನ್ಯಕ್ಕೆ ಸಾಕ್ಷಿಯೆಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ.

ಭಯವೇ ಸದಾಚಾರದ ಬುಡವೆಂಬ ವಾದದಲ್ಲಿ ನನಗೆ ಕಾಣುವ ದೊಡ್ಡ ತೊಡಕೆಂದರೆ, ಆ ಭಯವನ್ನು ಬಿತ್ತಿದ ಮತಸಂಸ್ಥೆಯೇ ಅದರ ಪರಿಹಾರವನ್ನೂ ತನ್ನ ವಶದಲ್ಲಿ ಇಟ್ಟುಕೊಂಡಿರುವುದು. ನರಕದ ಯಾತನೆಗಳನ್ನು ಸವಿಸ್ತಾರವಾಗಿ ವರ್ಣಿಸುವ ಗ್ರಂಥವೇ ಪ್ರಾಯಶ್ಚಿತ್ತದ ವಿಧಿಯನ್ನೂ ದಕ್ಷಿಣೆಯ ಪ್ರಮಾಣವನ್ನೂ ಹೇಳುತ್ತದೆ. ತೂಕದಲ್ಲಿ ಮೋಸಮಾಡಿ, ಕೂಲಿಯವನ ಹೊಟ್ಟೆಯ ಮೇಲೆ ಹೊಡೆದು ಗಳಿಸಿದವನು, ಗಳಿಸಿದ್ದರಲ್ಲಿ ಒಂದಂಶವನ್ನು ಮುಡಿಪು ಕಟ್ಟಿ ಹುಂಡಿಗೆ ಹಾಕಿ, ತುಲಾಭಾರ ಮಾಡಿಸಿ, ನಿರ್ಭಯನಾಗಿ ಊರಿಗೆ ಹಿಂದಿರುಗಬಹುದಾದರೆ, ಭಯವು ಆತನನ್ನು ಯಾವುದರಿಂದ ತಡೆದಂತಾಯಿತು? ಇದು ನಮ್ಮಲ್ಲಿ ಮಾತ್ರ ಕಂಡುಬರುವ ದೋಷವಲ್ಲ. 1517ರಲ್ಲಿ ಜರ್ಮನಿಯ ಮಾರ್ಟಿನ್ ಲೂಥರನು ಪ್ರತಿಭಟಿಸಿ ನಿಂತದ್ದು ಪಾಪವಿಮೋಚನೆಯ ಪತ್ರಗಳ ಇಂತಹುದೇ ವಿಕ್ರಯಕ್ಕೆ ಎದುರಾಗಿ, ಮತ್ತು ಆತನು ಪರಮ ಆಸ್ತಿಕನಾಗಿದ್ದನು.

ಸೃಷ್ಟಿಕರ್ತನನ್ನು ಒಪ್ಪದಿರುವುದು ಪರದೇಶದಿಂದ ಬಂದ ಚಾಪಲ್ಯವೆಂದು ಕನ್ನಡಿಗರಾದರೂ ಹೇಳಬಾರದು. ರಾಷ್ಟ್ರಕೂಟರ ಆಶ್ರಯದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಸಂಸ್ಕೃತದಲ್ಲಿ ಆದಿಪುರಾಣವನ್ನು ರಚಿಸಿದ ಜಿನಸೇನಾಚಾರ್ಯರು, ಕೃತಕೃತ್ಯನಾದ ಈಶ್ವರನಿಗೆ ಸೃಷ್ಟಿಸುವ ಇಚ್ಛೆಯಾದರೂ ಏಕೆ ಹುಟ್ಟಬೇಕು, ಸೃಷ್ಟಿಗೆ ಮುಂಚೆ ಆತನು ಎಲ್ಲಿದ್ದನು ಎಂದು ಮೊದಲಾಗಿ ಕೇಳಿ, ಕರ್ತೃವಾದವನ್ನು ಆಮೂಲಾಗ್ರವಾಗಿ ಖಂಡಿಸಿದ್ದಾರೆ. ಆ ಗ್ರಂಥವನ್ನೇ ಆಧಾರವಾಗಿಟ್ಟುಕೊಂಡು ಪಂಪನು 941ರಲ್ಲಿ ತನ್ನ ಆದಿಪುರಾಣವನ್ನು ಬರೆದನು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಅತ್ತಿಮಬ್ಬೆಯೂ ಜಗತ್ಕರ್ತನನ್ನು ಒಪ್ಪದ ಆ ಜೈನಮತಕ್ಕೆ ಸೇರಿದವಳೇ. ಹೀಗೆ ನಮ್ಮ ಸಾಹಿತ್ಯದ ಅಸ್ತಿಭಾರವೇ ನಿರೀಶ್ವರವಾದ ದರ್ಶನವೊಂದರ ಮೇಲೆ ನಿಂತಿದೆ. ಅಹಿಂಸೆಯನ್ನೂ, ಅಭಯ, ಔಷಧ, ಅನ್ನ, ವಿದ್ಯೆಗಳ ದಾನವನ್ನೂ ಆ ದರ್ಶನದಷ್ಟು ನಿಷ್ಠೆಯಿಂದ ಬೋಧಿಸಿದ ಈಶ್ವರಮತಗಳು ಹೆಚ್ಚಿಲ್ಲ.

ಜೈನರು ಈಶ್ವರನನ್ನು ಬಿಟ್ಟರೂ ಕರ್ಮವನ್ನು ಬಿಡಲಿಲ್ಲವಲ್ಲ, ಲೆಕ್ಕ ಇಡುವವನು ಹೋದರೂ ಲೆಕ್ಕ ಉಳಿಯಿತಲ್ಲ ಎಂಬ ಆಕ್ಷೇಪ ಇಲ್ಲಿ ಸಹಜವಾದುದು, ಮತ್ತು ಅದರಲ್ಲಿ ಹುರುಳಿದೆ. ಈಶ್ವರನನ್ನೂ ಕರ್ಮವನ್ನೂ ಪುನರ್ಜನ್ಮವನ್ನೂ ಒಟ್ಟಿಗೆ ಕೈಬಿಟ್ಟು ಬಾಳಿದವರ ದೃಷ್ಟಾಂತ ಬೇಕಾದರೆ ನಾವು ನೆರೆಯ ಆಂಧ್ರದ ಕಡೆಗೆ ತಿರುಗಬೇಕು. ಗೋಪರಾಜು ರಾಮಚಂದ್ರರಾಯರು, ಅಂದರೆ ಗೋರಾ ಅವರು, 1902ರಲ್ಲಿ ಬ್ರಾಹ್ಮಣ ಮನೆತನವೊಂದರಲ್ಲಿ ಹುಟ್ಟಿ, ಮದರಾಸಿನಲ್ಲಿ ಸಸ್ಯಶಾಸ್ತ್ರವನ್ನು ಓದಿ ಅಧ್ಯಾಪಕರಾದವರು. ಜನಿವಾರವನ್ನು ತ್ಯಜಿಸಿದುದಕ್ಕಾಗಿ ತಂದೆಯ ಮನೆಯನ್ನೂ, ನಾಸ್ತಿಕತೆಯನ್ನು ಮರೆಮಾಚದೆ ಹೇಳಿದುದಕ್ಕಾಗಿ 1933ರಲ್ಲಿ ಕಾಕಿನಾಡದ ಉದ್ಯೋಗವನ್ನೂ ಕಳೆದುಕೊಂಡರು. ಅಲ್ಲಿಗೆ ನಿಂತಿದ್ದರೆ ಅವರು ಬಹುಶಃ ಒಬ್ಬ ಹಟವಾದಿ ತಾರ್ಕಿಕರೆನಿಸಿಕೊಂಡು ಮರೆತುಹೋಗುತ್ತಿದ್ದರು. ಆದರೆ 1940ರಲ್ಲಿ, ಕೃಷ್ಣಾ ಜಿಲ್ಲೆಯ ಮುದುನೂರೆಂಬ ಹಳ್ಳಿಯಲ್ಲಿ, ಪತ್ನಿ ಸರಸ್ವತಿಯವರೊಡನೆ ನಾಸ್ತಿಕ ಕೇಂದ್ರವನ್ನು ತೆರೆದು, ವಯಸ್ಕರಿಗೆ ಅಕ್ಷರ ಕಲಿಸುವುದು, ಜಾತಿಗಳನ್ನು ಕೂಡಿಸಿ ಸಹಪಂಕ್ತಿ ಭೋಜನ ನಡೆಸುವುದು, ಅಸ್ಪೃಶ್ಯರೆನಿಸಿದವರ ಕೇರಿಯಲ್ಲಿ ಅವರಲ್ಲೊಬ್ಬರಾಗಿ ದುಡಿಯುವುದು, ಇವುಗಳಲ್ಲಿ ಆ ದಂಪತಿಗಳು ತಮ್ಮ ಆಯುಷ್ಯವನ್ನು ವಿನಿಯೋಗಿಸಿದರು. 1942ರ ಚಳವಳಿಯಲ್ಲಿ ಇಬ್ಬರೂ ಸೆರೆಮನೆಯನ್ನು ಕಂಡರು. ಸ್ವರ್ಗವಿಲ್ಲವೆಂದು ಖಚಿತವಾಗಿ ತಿಳಿದಿದ್ದವರಿಗೆ ಇದೆಲ್ಲದರಿಂದ ದೊರೆಯತಕ್ಕ ಪುಣ್ಯವಾದರೂ ಯಾವುದು? ಎದುರಿಗಿರುವ ಮನುಷ್ಯನು ನೋಯುತ್ತಿದ್ದಾನೆ ಎಂಬುದೊಂದೇ ಅವರಿಗೆ ಸಾಕಾಗಿತ್ತು.

ಗೋರಾ ಅವರಿಗೂ ಗಾಂಧೀಜಿಗೂ ನಡೆದ ಸಂವಾದವು ನಮ್ಮ ದೇಶದ ವೈಚಾರಿಕ ಚರಿತ್ರೆಯಲ್ಲಿ ಬಹು ಅಪೂರ್ವವಾದ ಅಧ್ಯಾಯವೆಂದು ನನ್ನ ಭಾವನೆ. ದೇವರೆಂಬ ಶಬ್ದಕ್ಕೆ ಗಾಂಧೀಜಿ ಕೊಡುವ ಅರ್ಥವೇನೆಂದು ಗೋರಾ 1930ರಲ್ಲೇ ಅವರಿಗೆ ಬರೆದು ಕೇಳಿದ್ದರು. ಮುಖಾಮುಖಿಯಾದ ಮಾತುಕತೆ ಸೇವಾಗ್ರಾಮದಲ್ಲಿ 1944ರ ಕೊನೆಯಲ್ಲಿ ಮೊದಲಾಯಿತು. ಇಬ್ಬರಲ್ಲಿ ಯಾರೂ ಮತ್ತೊಬ್ಬರನ್ನು ಗೆಲ್ಲಲು ಹವಣಿಸಲಿಲ್ಲ. ಅಸ್ಪೃಶ್ಯತೆಯ ನಿವಾರಣೆಗೆ ನಾಸ್ತಿಕತೆಯೇ ಸಾಧನವೆಂದು ಗೋರಾ ಹೇಳಿದಾಗ, ಅವರ ಮಾತಿನ ಹಿಂದಿದ್ದ ಕಾರ್ಯವನ್ನು ಕಂಡ ಗಾಂಧೀಜಿ, ತಮ್ಮ ಆಸ್ತಿಕತೆ ಸರಿಯೆಂದಾಗಲಿ ಅವರ ನಾಸ್ತಿಕತೆ ತಪ್ಪೆಂದಾಗಲಿ ತಾವು ಹೇಳಲಾರೆವೆಂದೂ, ಇಬ್ಬರೂ ಸತ್ಯಾನ್ವೇಷಿಗಳೆಂದೂ ಒಪ್ಪಿಕೊಂಡರು. ದಿನಕ್ಕೆರಡು ಹೊತ್ತು ಪ್ರಾರ್ಥಿಸುತ್ತಿದ್ದ ಮಹಾಪುರುಷನೊಬ್ಬನ ಬಾಯಿಂದ ಈ ಮಾತು ಬಂದುದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ. ದೇವರೇ ಸತ್ಯವೆಂದು ಹೇಳುತ್ತಿದ್ದ ಅವರು ಸತ್ಯವೇ ದೇವರೆಂದು ಹೇಳತೊಡಗಿದ್ದು ಇದಕ್ಕೂ ಹಲವು ವರ್ಷ ಹಿಂದೆ. ಸತ್ಯದ ಮೇಲಿನ ಉತ್ಕಟ ಪ್ರೇಮದಿಂದಲೇ ದೇವರನ್ನು ನಿರಾಕರಿಸಿದವರು ಉಂಟೆಂಬುದು ಆ ಬದಲಾವಣೆಗೆ ಅವರು ಕೊಟ್ಟ ಕಾರಣಗಳಲ್ಲೊಂದು. ವಿದ್ಯಾರ್ಥಿಯಾಗಿದ್ದಾಗ, 1891ರಲ್ಲಿ, ಇಂಗ್ಲೆಂಡಿನ ಪ್ರಸಿದ್ಧ ನಾಸ್ತಿಕನೂ ಹಿಂದೂದೇಶದ ಹಿತೈಷಿಯೂ ಆಗಿದ್ದ ಚಾರ್ಲ್ಸ್ ಬ್ರಾಡ್‌ಲಾನ ಅಂತ್ಯಕ್ರಿಯೆಗೆ ಅವರು ಹೋಗಿದ್ದರೆಂಬುದನ್ನು ಆತ್ಮಕಥೆಯಲ್ಲಿ ಓದಿದವರಿಗೆ ಇದು ಆಶ್ಚರ್ಯವೆನಿಸದು.

ಗೋರಾ ತಮ್ಮ ಹಿರಿಯ ಮಗಳನ್ನು ಅಸ್ಪೃಶ್ಯರೆನಿಸಿದ ಕುಲದ ತರುಣನೊಬ್ಬನಿಗೆ ಕೊಡಲು ನಿಶ್ಚಯಿಸಿದಾಗ, ಆ ವಿವಾಹವನ್ನು ಸೇವಾಗ್ರಾಮದಲ್ಲಿ ತಾವೇ ನಡೆಸಿಕೊಡುವುದಾಗಿ ಗಾಂಧೀಜಿ ಒಪ್ಪಿದರು. ನಾಸ್ತಿಕರ ಮನೆಯ ಮದುವೆಯಾದುದರಿಂದ ದೇವರ ಹೆಸರಿನ ಸ್ಥಾನದಲ್ಲಿ ಸತ್ಯದ ಹೆಸರನ್ನು ಹೇಳುವುದಕ್ಕೂ ಅವರು ಸಮ್ಮತಿಸಿದ್ದರು. 1948ರ ಜನವರಿ 30ರಂದು ಅವರು ಹತರಾದರು. ಮಾರ್ಚ್ 13ರಂದು ವಿವಾಹವು ಸೇವಾಗ್ರಾಮದಲ್ಲೇ, ಸತ್ಯವನ್ನು ಸಾಕ್ಷಿಯಾಗಿಟ್ಟುಕೊಂಡು ನೆರವೇರಿತು. ಧರ್ಮವನ್ನು ರಕ್ಷಿಸುವೆನೆಂಬ ಸಂಕಲ್ಪದಿಂದ ಗುಂಡು ಹಾರಿಸಿದವನನ್ನೂ, ದೇವರಿಲ್ಲವೆನ್ನುತ್ತ ಜಾತಿಯ ಗೋಡೆಯನ್ನು ತಮ್ಮ ಮನೆಯಲ್ಲೇ ಕೆಡವಿದ ಈ ದಂಪತಿಗಳನ್ನೂ ಎದುರುಬದುರಾಗಿ ನಿಲ್ಲಿಸಿ, ಧಾರ್ಮಿಕರು ಯಾರೆಂದು ಓದುಗರೇ ನಿರ್ಣಯಿಸಲಿ.

ಮತಸಂಸ್ಥೆಗಳಿಂದ ಒಳಿತಾಗಿಲ್ಲವೆಂದು ಹೇಳುವುದು ಕೃತಘ್ನತೆ. ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಜಾತಿಯನ್ನು ಕೇಳದೆ ಸಾವಿರಾರು ಬಡ ಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟದ್ದನ್ನು ಕಣ್ಣಾರೆ ಕಂಡ ಈ ನಾಡು, ಸಂಸ್ಥೆಯ ಬಲವಿಲ್ಲದಿದ್ದರೆ ವ್ಯಕ್ತಿಯೊಬ್ಬನ ಕರುಣೆ ಅಷ್ಟು ದೂರ ಹರಿಯುತ್ತಿರಲಿಲ್ಲವೆಂಬುದನ್ನು ಬಲ್ಲದು. ಆದರೆ ಅದೇ ನಾಡಿನಲ್ಲಿ, ದೇವಿಗೆ ಹರಕೆಯೆಂದು ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ಅವರ ಬಾಳನ್ನು ಹಾಳುಮಾಡುವ ಪದ್ಧತಿಯೂ ನಡೆದುಬಂತು. ಅದನ್ನು ನಿಷೇಧಿಸಲು 1982ರಲ್ಲಿ ಸರ್ಕಾರ ಕಾಯಿದೆ ಮಾಡಬೇಕಾಯಿತು. ನೆರೆಯ ನಿಜಾಮಾಬಾದಿನ ಕಡೆ ಜೋಗಿನಿಯರೆಂಬ ಹೆಸರಿನಲ್ಲಿದ್ದ ಇಂತಹ ಹೆಣ್ಣುಮಕ್ಕಳ ವಿಮೋಚನೆಗೆ ಹಳ್ಳಿಹಳ್ಳಿ ತಿರುಗಿದವರಲ್ಲಿ ಗೋರಾ ಅವರ ಮಗ ಲವಣಂ ಮತ್ತು ಸೊಸೆ ಹೇಮಲತಾ ಮುಂಚೂಣಿಯಲ್ಲಿದ್ದರು. ಶ್ರದ್ಧೆಯು ಒಳ್ಳೆಯವನ ಕೈಯಲ್ಲಿ ಅನ್ನವಾಯಿತು, ಲೋಭಿಯ ಕೈಯಲ್ಲಿ ಪಾಶವಾಯಿತು. ಸಂಸ್ಥೆಯು ತನ್ನ ಗಡಿಯನ್ನು ಕಾಯುವುದರಲ್ಲಿ ಮಗ್ನವಾದೊಡನೆ, ಒಳಗಿರುವ ದುರಾಚಾರಿಯನ್ನು ಕ್ಷಮಿಸಿ ಹೊರಗಿರುವ ಸದಾಚಾರಿಯನ್ನು ಶಂಕಿಸತೊಡಗುತ್ತದೆ. ನನಗಿರುವ ದೂರೆಲ್ಲ ಇದೊಂದೇ.

ನಾಸ್ತಿಕತೆಯೂ ಸಂಸ್ಥೆಯಾಗಿ, ಅಧಿಕಾರದ ಗದ್ದುಗೆ ಏರಿದರೆ ಈ ರೋಗದಿಂದ ತಪ್ಪಿಸಿಕೊಳ್ಳಲಾರದು. ಆಲ್ಬೇನಿಯಾ ದೇಶವು 1967ರಲ್ಲಿ ಮಸೀದಿ ಇಗರ್ಜಿಗಳನ್ನೆಲ್ಲ ಮುಚ್ಚಿಸಿ, ಪ್ರಾರ್ಥಿಸಿದವರನ್ನು ಸೆರೆಗೆ ತಳ್ಳಿ, ತಾನು ನಾಸ್ತಿಕ ರಾಷ್ಟ್ರವೆಂದು ಸಾರಿಕೊಂಡಿತು. ಆ ಸೆರೆಯಾಳುಗಳ ನೋವನ್ನು ಕಂಡು ಮರುಗದ ನಾಸ್ತಿಕನೊಡನೆ ನನಗೆ ಯಾವ ಬಾಂಧವ್ಯವೂ ಇಲ್ಲ. ದೇವರಿಲ್ಲವೆಂದು ಸಿದ್ಧಪಡಿಸಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದುಕೊಂಡು, ಮನೆಯ ಮುದುಕಿ ತುಳಸಿಗೆ ನೀರೆರೆಯುವುದನ್ನು ಅಪಹಾಸ್ಯ ಮಾಡುವುದರಲ್ಲೇ ತೃಪ್ತನಾಗುವ ತರುಣನಿಗೂ ಇದೇ ಮಾತನ್ನು ಹೇಳುತ್ತೇನೆ. ಮೇಲಿನಿಂದ ಸಹಾಯ ಬಾರದೆಂದು ತಿಳಿದವನಿಗೆ ಪಕ್ಕದವನ ಕಷ್ಟದಲ್ಲಿ ಇರುವ ಹೊಣೆ ಆಸ್ತಿಕನಿಗಿಂತ ಹೆಚ್ಚಿನದು, ಏಕೆಂದರೆ ಅದನ್ನು ವಹಿಸಿಕೊಡಲು ಆತನಿಗೆ ಬೇರೆ ಯಾರೂ ಇಲ್ಲ.

ನಮ್ಮ ಪ್ರಬಂಧಕಾರರಲ್ಲಿ ಹಿರಿಯರಾದ ಎ. ಎನ್. ಮೂರ್ತಿರಾಯರು, ತೊಂಬತ್ತು ವರ್ಷ ತುಂಬಿದ ಮೇಲೆ, 1991ರಲ್ಲಿ, 'ದೇವರು' ಎಂಬ ಗ್ರಂಥವನ್ನು ಪ್ರಕಟಿಸಿ, ತಾವು ದೇವರನ್ನು ನಂಬಲಾರದ ಕಾರಣಗಳನ್ನು ನಿರೂಪಿಸಿದರು. ಅದರಲ್ಲಿ ಉದ್ವೇಗವಿಲ್ಲ, ನಂಬುವವರ ಮೇಲೆ ತಿರಸ್ಕಾರವಿಲ್ಲ. ಕನ್ನಡ ನಾಡು ಆ ಗ್ರಂಥವನ್ನು ಸುಡಲಿಲ್ಲ. ರಾಜ್ಯದ ಪಂಪ ಪ್ರಶಸ್ತಿಯನ್ನಿತ್ತು ಗೌರವಿಸಿತು. ಜಗತ್ಕರ್ತನನ್ನು ಒಪ್ಪದ ಮತದ ಕವಿಯ ಹೆಸರಿನ ಪ್ರಶಸ್ತಿ ಅದಕ್ಕೆ ಸಂದದ್ದು ಅತ್ಯಂತ ಯುಕ್ತವಾಗಿತ್ತು. ಅಂದಿನ ಆ ಔದಾರ್ಯ ಇಂದು ನಮ್ಮಲ್ಲಿ ಕುಗ್ಗುತ್ತಿದೆಯೆಂಬ ಆತಂಕದಿಂದಲೇ ಈ ಮಾತುಗಳನ್ನು ಬರೆದಿದ್ದೇನೆ. ಆಸ್ತಿಕರಾದ ಓದುಗರು ಆ ಗ್ರಂಥವನ್ನು ಒಮ್ಮೆ ತಾಳ್ಮೆಯಿಂದ ಓದಬೇಕೆಂದೂ, ನಾಸ್ತಿಕರಾದವರು ಗಾಂಧೀಜಿಯ ಆತ್ಮಕಥೆಯನ್ನು ಅದೇ ತಾಳ್ಮೆಯಿಂದ ಓದಬೇಕೆಂದೂ ವಿನಂತಿಸುತ್ತೇನೆ. ಓದಿದ ಮೇಲೆ ಭಿನ್ನಾಭಿಪ್ರಾಯ ಉಳಿದರೆ ಬರೆದು ಕಳುಹಿಸಿರಿ. ಎರಡು ಪಕ್ಷದ ಪತ್ರಗಳಿಗೂ ಮುಂದಿನ ಸಂಚಿಕೆಯಲ್ಲಿ ಸಮಾನವಾದ ಸ್ಥಳ ದೊರೆಯುವುದು.